ಯಯಾತಿಯ ಮಗಳು, ಗೆಂಜಿಯ ಮಗಳು

ಒಬ್ಬಳಿಂದ ಇನ್ನೊಬ್ಬಳ ಕಡೆಗೆ ಸಾಗುತ್ತಲೇ ಬದುಕು ಕಳೆಯುವ ಲಂಪಟ ಪುರುಷನು ಜಗತ್ತಿನ ಬಹುಪಾಲು ಕಥಾಪರಂಪರೆಗಳಲ್ಲಿ ಕಾಣಿಸಿಕೊಳ್ಳುತ್ತಾನೆ. ಆದರೆ ಅಂಥವನಿಗೆ ಮಗಳೊಬ್ಬಳು ಹುಟ್ಟಿದ ಮೇಲೆ ಅವನು ಏನಾಗುತ್ತಾನೆ, ಆ ಮಗಳು ಏನಾಗುತ್ತಾಳೆ ಎಂಬ ಪ್ರಶ್ನೆಯನ್ನು ಕೊನೆಯವರೆಗೂ ಬೆಂಬತ್ತಿದ ಕೃತಿಗಳು ಕೆಲವೇ. ಜನಪ್ರಿಯ ಕಾದಂಬರಿಗಳೂ ಚಲನಚಿತ್ರಗಳೂ ಸಾಮಾನ್ಯವಾಗಿ ಇಲ್ಲಿ ಎರಡು ಸುಲಭದ ಹಾದಿಗಳನ್ನು ಹಿಡಿಯುತ್ತವೆ. ಒಂದರಲ್ಲಿ, ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಗೆ ತಕ್ಕಂತೆ, ತಂದೆ ಪರರ ಹೆಣ್ಣುಮಕ್ಕಳಿಗೆ ಬಗೆದದ್ದು ಅವನ ಮಗಳ ಪಾಲಿಗೇ ಬಂದು ಅವನ ಕಣ್ಣು ತೆರೆಸುತ್ತದೆ. ಇನ್ನೊಂದರಲ್ಲಿ, ತೊಟ್ಟಿಲ ಕೂಸಿನ ಮುಖ ಕಂಡೊಡನೆ ಹಳೆಯ ಚಾಳಿ ಬಿಟ್ಟು ಅವನು ಸದ್ಗೃಹಸ್ಥನಾಗುತ್ತಾನೆ. ಎರಡು ಬಗೆಯ ಕಥೆಗಳಲ್ಲೂ ಮಗಳು ತಂದೆಗೆ ಪಾಠ ಕಲಿಸಲೆಂದು ತಂದ ಉಪಕರಣವಾಗಿಯೇ ಉಳಿಯುತ್ತಾಳೆ. ದೊಡ್ಡ ಕೃತಿಗಳು ಈ ಹಾದಿ ತುಳಿದಿಲ್ಲ. ಲಂಪಟನು ಹೊರಗಿನ ಹೆಣ್ಣುಗಳನ್ನು ಯಾವ ಲೆಕ್ಕದಲ್ಲಿ ಕಂಡನೋ ಆ ಲೆಕ್ಕ ಮನೆಯೊಳಗೂ ನಡೆದೇ ಇರುತ್ತದೆ, ಪ್ರೀತಿ ಎಷ್ಟೇ ನಿಜವಾಗಿದ್ದರೂ ಅದು ಅಳಿಸಿಹೋಗುವುದಿಲ್ಲ ಎಂಬುದನ್ನು ಅವು ಬಿಡಿಸಿ ತೋರಿಸುತ್ತವೆ.

ಮೊದಲನೆಯ ಹಾದಿಯ, ಅಂದರೆ ಶಾಪದ ಹಾದಿಯ, ಅತ್ಯಂತ ಪ್ರಸಿದ್ಧ ಉದಾಹರಣೆ ಇಟಲಿಯ ವೆರ್ಡಿ ರಚಿಸಿ 1851ರಲ್ಲಿ ವೆನಿಸ್ ನಗರದಲ್ಲಿ ಮೊದಲು ಪ್ರದರ್ಶನಗೊಂಡ ‘ರಿಗೊಲೆಟ್ಟೊ’ ಎಂಬ ಆಪೆರಾ, ಅಂದರೆ ಮಾತಿನ ಬದಲು ಹಾಡಿನಲ್ಲಿಯೇ ನಡೆಯುವ ನಾಟಕ. ಅದಕ್ಕೆ ಆಧಾರವಾದ ವಿಕ್ಟರ್ ಹ್ಯೂಗೊನ ನಾಟಕವು 1832ರಲ್ಲಿ ಪ್ಯಾರಿಸ್ಸಿನಲ್ಲಿ ಒಂದೇ ಒಂದು ಪ್ರದರ್ಶನದ ಬಳಿಕ ನಿಷೇಧಕ್ಕೆ ಒಳಗಾಗಿತ್ತು. ಇಲ್ಲಿ ಲಂಪಟನು ದೊರೆ. ಅವನ ವಿದೂಷಕನಾದ ರಿಗೊಲೆಟ್ಟೊ ಅವನ ಚಪಲಕ್ಕೆ ಒತ್ತಾಸೆಯಾಗಿದ್ದು, ಮಗಳ ಮಾನ ಕಳೆದುಕೊಂಡ ಇನ್ನೊಬ್ಬ ತಂದೆಯನ್ನು ತುಂಬಿದ ಸಭೆಯಲ್ಲಿ ಅಣಕಿಸಿ ಶಾಪ ಹೊರುತ್ತಾನೆ. ಅವನು ಊರ ಕಣ್ಣಿಗೆ ಬೀಳದಂತೆ ಬಚ್ಚಿಟ್ಟು ಸಾಕಿದ ಗಿಲ್ಡಾ ಎಂಬ ಮಗಳು ಅದೇ ದೊರೆಯ ಬಲೆಗೆ ಬಿದ್ದು, ಕಡೆಗೆ ತಂದೆ ದೊರೆಯನ್ನು ಕೊಲ್ಲಲು ಹೂಡಿದ ಸಂಚಿಗೆ ತಾನೇ ಬಲಿಯಾಗುತ್ತಾಳೆ. ಸಂಗೀತದ ಬಲದಿಂದ ಈ ಕೃತಿ ಇಂದಿಗೂ ಹೃದಯ ಹಿಂಡುತ್ತದೆ. ಆದರೆ ನ್ಯಾಯದ ತಕ್ಕಡಿಯಲ್ಲಿಟ್ಟರೆ ಸತ್ತವಳು ತಪ್ಪೇ ಮಾಡದ ಹುಡುಗಿ, ಉಳಿದವನು ಹಾಡುತ್ತ ಹೊರಟುಹೋಗುವ ದೊರೆ. ತಂದೆಯ ಕರ್ಮ ಮಗಳ ತಲೆಗೆ ಎಂಬ ಸೂತ್ರವನ್ನು ನ್ಯಾಯವೆಂದು ಒಪ್ಪಿಕೊಳ್ಳುವುದಕ್ಕೆ ಮುನ್ನ ಓದುಗರು ಇದನ್ನು ಯೋಚಿಸಬೇಕು.

ಭಾರತೀಯ ಓದುಗರಿಗೆ ಕಾಮದ ಅತೃಪ್ತಿ ಎಂದೊಡನೆ ನೆನಪಾಗುವವನು ಯಯಾತಿ. ಮಹಾಭಾರತದ ಆದಿಪರ್ವದಲ್ಲಿ ಅವನು ಶುಕ್ರಾಚಾರ್ಯರ ಮಗಳು ದೇವಯಾನಿಯನ್ನು ಮದುವೆಯಾಗಿ, ಅವಳ ದಾಸಿಯಾಗಿ ಬಂದ ರಾಜಕುಮಾರಿ ಶರ್ಮಿಷ್ಠೆಯಲ್ಲಿ ಗುಟ್ಟಾಗಿ ಮೂವರು ಮಕ್ಕಳನ್ನು ಪಡೆದು, ಅಕಾಲ ಮುಪ್ಪಿನ ಶಾಪಕ್ಕೆ ಒಳಗಾಗಿ, ಕಿರಿಯ ಮಗ ಪೂರುವಿನ ಯೌವನವನ್ನು ತೆಗೆದುಕೊಂಡು ಸಾವಿರ ವರ್ಷ ಭೋಗಿಸುತ್ತಾನೆ. ಈ ಭಾಗವನ್ನು ಆಧರಿಸಿಯೇ ಗಿರೀಶ ಕಾರ್ನಾಡರು ತಮ್ಮ ಮೊದಲ ನಾಟಕ ‘ಯಯಾತಿ’ಯನ್ನೂ ವಿ. ಸ. ಖಾಂಡೇಕರರು ಮರಾಠಿಯಲ್ಲಿ ಅದೇ ಹೆಸರಿನ ಕಾದಂಬರಿಯನ್ನೂ ಬರೆದರು. ಎರಡರಲ್ಲೂ ತಂದೆಯ ಎದುರು ನಿಲ್ಲುವವನು ಮಗ. ಆದರೆ ಯಯಾತಿಗೆ ಮಾಧವಿ ಎಂಬ ಮಗಳೂ ಇದ್ದಳು. ಅವಳ ಕಥೆ ಉದ್ಯೋಗಪರ್ವದಲ್ಲಿ, ಹಟದಿಂದಾಗುವ ಕೇಡನ್ನು ವಿವರಿಸಲು ನಾರದರು ದುರ್ಯೋಧನನಿಗೆ ಹೇಳುವ ಉಪಕಥೆಯಾಗಿ ಬರುತ್ತದೆ.

ವಿಶ್ವಾಮಿತ್ರರ ಶಿಷ್ಯ ಗಾಲವನು ಬೇಡವೆಂದರೂ ಬಿಡದೆ ಗುರುದಕ್ಷಿಣೆ ಕೊಡುತ್ತೇನೆಂದು ಕಾಡಿದಾಗ, ಗುರು ಸಿಟ್ಟಿನಿಂದ, ಒಂದು ಕಿವಿ ಮಾತ್ರ ಕಪ್ಪಾಗಿರುವ 800 ಬಿಳಿಯ ಕುದುರೆಗಳನ್ನು ತರಲು ಹೇಳುತ್ತಾರೆ. ಗಾಲವ ಯಯಾತಿಯಲ್ಲಿಗೆ ಬರುತ್ತಾನೆ. ಬೊಕ್ಕಸ ಬರಿದಾಗಿದ್ದರೂ ಯಾಚಕನನ್ನು ಬರಿಗೈಯಲ್ಲಿ ಕಳಿಸಿ ಕೀರ್ತಿ ಕಳೆದುಕೊಳ್ಳಲು ಒಪ್ಪದ ಯಯಾತಿ ಮಗಳನ್ನೇ ಕೊಟ್ಟುಬಿಡುತ್ತಾನೆ. ಇವಳಿಗಾಗಿ ರಾಜರು ರಾಜ್ಯವನ್ನೇ ಶುಲ್ಕವಾಗಿ, ಅಂದರೆ ಕನ್ಯೆಗೆ ಪ್ರತಿಯಾಗಿ ಕೊಡುವ ಬೆಲೆಯಾಗಿ, ಕೊಟ್ಟಾರು. ಕುದುರೆಗಳದೇನು ಹೆಚ್ಚಳ ಎಂಬುದು ಅವನ ವಾದ. ಅದಕ್ಕೆ ಪ್ರತಿಯಾಗಿ ಅವನು ಬೇಡುವುದು ದೌಹಿತ್ರರನ್ನು, ಅಂದರೆ ಮಗಳ ಹೊಟ್ಟೆಯಲ್ಲಿ ಹುಟ್ಟುವ ಮೊಮ್ಮಕ್ಕಳನ್ನು. ಪ್ರತಿ ಹೆರಿಗೆಯ ಬಳಿಕ ಮತ್ತೆ ಕನ್ಯೆಯಾಗುವ ವರ ಪಡೆದಿದ್ದ ಮಾಧವಿಯನ್ನು ಅಯೋಧ್ಯೆಯ ಹರ್ಯಶ್ವ, ಕಾಶಿಯ ದಿವೋದಾಸ, ಭೋಜನಗರದ ಉಶೀನರ ಹೀಗೆ ಮೂವರು ರಾಜರು ಒಬ್ಬರಾದ ಮೇಲೊಬ್ಬರು ತಲಾ 200 ಕುದುರೆ ತೆತ್ತು, ತಲಾ ಒಬ್ಬ ಮಗ ಹುಟ್ಟುವವರೆಗೆ ಇರಿಸಿಕೊಳ್ಳುತ್ತಾರೆ. ಅಂಥ ಕುದುರೆಗಳು ಲೋಕದಲ್ಲಿ ಉಳಿದಿದ್ದುದೇ 600. ಉಳಿದ 200ಕ್ಕೆ ಬದಲಾಗಿ ವಿಶ್ವಾಮಿತ್ರರೇ ಅವಳನ್ನು ಸ್ವೀಕರಿಸಿ, ಮೊದಲೇ ತನಗೆ ಕೊಟ್ಟಿದ್ದರೆ ನಾಲ್ವರು ಮಕ್ಕಳೂ ತನ್ನವರೇ ಆಗುತ್ತಿದ್ದರಲ್ಲ ಎನ್ನುತ್ತಾರೆ. ಮೇನಕೆಯಿಂದ ಶಕುಂತಲೆಯನ್ನು ಪಡೆದು ಆ ಕೂಸಿನ ಕಡೆ ತಿರುಗಿಯೂ ನೋಡದ ವಿಶ್ವಾಮಿತ್ರರೇ ಇವರು ಎಂಬುದನ್ನು ಮರೆಯುವಂತಿಲ್ಲ.

ಯಯಾತಿಯನ್ನು ಕ್ರೂರಿ ಎಂದು ಮಹಾಭಾರತ ಎಲ್ಲಿಯೂ ಕರೆಯುವುದಿಲ್ಲ. ದಾನಶೂರನೆಂದೇ ಅವನನ್ನು ಕಾಣಿಸುತ್ತದೆ. ಕಥೆಯ ಭಯಂಕರತೆ ಇರುವುದು ಇಲ್ಲಿಯೇ. ಶರ್ಮಿಷ್ಠೆಯಲ್ಲಿ ಹೆಣ್ಣಿನ ಮೈಯನ್ನು ತನ್ನ ತೃಪ್ತಿಗೆ ಒದಗುವ ವಸ್ತುವಾಗಿ ಕಂಡವನಿಗೆ ಮಗಳ ಮೈ ತನ್ನ ಕೀರ್ತಿಗೆ ಒದಗುವ ವಸ್ತುವಾಗಿ ಕಂಡಿತು. ಬಯಕೆ ಇಲ್ಲದಿದ್ದಾಗಲೂ ಒಡೆತನದ ಭಾವ ಹಾಗೆಯೇ ಉಳಿಯಿತು.

ಮಗಳ ಮಕ್ಕಳಿಂದ ತಂದೆಗೆ ಬರುವ ಲಾಭದ ಇದೇ ಲೆಕ್ಕವನ್ನು, ಯಯಾತಿಯ ಹೆಸರನ್ನೂ ಕೇಳಿರದ ಒಬ್ಬ ಲೇಖಕಿ ಸಾವಿರ ವರ್ಷಗಳ ಹಿಂದೆ ಜಪಾನಿನಲ್ಲಿ ಕೂಲಂಕಷವಾಗಿ ಬರೆದಿದ್ದಾಳೆ. ಮುರಾಸಾಕಿ ಶಿಕಿಬು ಎಂಬ ಹೆಸರಿನಿಂದ ಪರಿಚಿತಳಾದ ಈಕೆ ಹನ್ನೊಂದನೆಯ ಶತಮಾನದ ಆರಂಭದಲ್ಲಿ ಸಾಮ್ರಾಜ್ಞಿ ಶೋಶಿಯ ಸೇವೆಯಲ್ಲಿದ್ದವಳು. ಶೋಶಿಯ ತಂದೆ ಫುಜಿವಾರಾ ನೊ ಮಿಚಿನಾಗಾ ಆ ಕಾಲದ ನಿಜವಾದ ಅಧಿಕಾರಸ್ಥ. ಚಕ್ರವರ್ತಿಗೆ ಮಗಳನ್ನು ಕೊಡುವುದು, ಅವಳ ಮಗನನ್ನು ಪಟ್ಟಕ್ಕೆ ಏರಿಸುವುದು, ತಾಯಿಯ ತಂದೆಯಾಗಿ ರಾಜ್ಯ ಆಳುವುದು ಅವನ ಮನೆತನದ ರೀತಿಯಾಗಿತ್ತು. ಮಗಳೆಂದರೆ ತಂದೆಗೆ ಏನು ಎಂಬುದನ್ನು ಲೇಖಕಿ ಅರಮನೆಯ ಒಳಗೆ ನಿಂತು ಕಂಡವಳು. ಅವಳ ‘ಗೆಂಜಿಯ ಕಥೆ’ 54 ಅಧ್ಯಾಯಗಳ ಬೃಹತ್ ಕಾದಂಬರಿ.

ಚಕ್ರವರ್ತಿಯ ಮಗನಾಗಿದ್ದೂ ಪಟ್ಟದ ಹಕ್ಕಿಲ್ಲದ ಗೆಂಜಿ ರೂಪ, ಕಾವ್ಯ, ಸಂಗೀತಗಳಲ್ಲಿ ಎಣೆಯಿಲ್ಲದವನು. ಮಲತಾಯಿ ಫುಜಿತ್ಸುಬೊಳನ್ನೂ ಸೇರಿಸಿ ಅನೇಕ ಹೆಂಗಸರ ಬಾಳಿನೊಳಗೆ ನುಗ್ಗಿದವನು. ಫುಜಿತ್ಸುಬೊಳನ್ನೇ ಹೋಲುವ ಹತ್ತು ವರ್ಷದ ಹುಡುಗಿಯೊಬ್ಬಳನ್ನು, ಅವಳ ತಂದೆ ಮನೆಗೆ ಕರೆದೊಯ್ಯಲು ಬರುವ ಮುನ್ನವೇ ರಾತ್ರಿ ಹೊತ್ತುತಂದು, ಮಗಳಂತೆ ಬೆಳೆಸಿ, ಕೆಲವು ವರ್ಷಗಳಲ್ಲಿ ಹೆಂಡತಿಯಾಗಿಸಿಕೊಂಡವನು. ಅವಳೇ ಮುರಾಸಾಕಿ, ಲೇಖಕಿಗೆ ಆ ಹೆಸರು ಬಂದದ್ದು ಈ ಪಾತ್ರದಿಂದಲೇ ಎಂದು ಸಾಮಾನ್ಯವಾಗಿ ಭಾವಿಸಲಾಗಿದೆ.

ಅಪವಾದಕ್ಕೆ ಗುರಿಯಾಗಿ ಗೆಂಜಿ ರಾಜಧಾನಿ ಬಿಟ್ಟು ಕಡಲತೀರದಲ್ಲಿ ಕಾಲ ಕಳೆಯುವಾಗ ಆಕಾಶಿ ಎಂಬ ಊರಿನ ಹೆಣ್ಣೊಬ್ಬಳ ಸಂಗ ಬೆಳೆಸುತ್ತಾನೆ, ಅವನು ರಾಜಧಾನಿಗೆ ಮರಳಿದ ಮೇಲೆ ಅವಳಲ್ಲಿ ಅವನಿಗೆ ಒಬ್ಬ ಮಗಳು ಹುಟ್ಟುತ್ತಾಳೆ. ಅವನ ಮೂವರು ಮಕ್ಕಳಲ್ಲಿ ಒಬ್ಬ ಚಕ್ರವರ್ತಿ, ಒಬ್ಬಳು ಸಾಮ್ರಾಜ್ಞಿ, ಒಬ್ಬ ಮಂತ್ರಿ ಆಗುವರೆಂದು ಜ್ಯೋತಿಷಿಗಳು ನುಡಿದಿದ್ದರು. ಆದರೆ ಪ್ರಾಂತದ ಅಧಿಕಾರಿಯ ಮಗಳ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ ಅರಮನೆ ಸೇರುವುದು ಕಷ್ಟ. ಆದ್ದರಿಂದ ಗೆಂಜಿ ಮಗುವನ್ನು ಮೂರನೆಯ ವಯಸ್ಸಿನಲ್ಲಿ ತಾಯಿಯಿಂದ ಬಿಡಿಸಿ, ಮಕ್ಕಳಿಲ್ಲದ ಮುರಾಸಾಕಿಯ ಮಡಿಲಿಗೆ ಹಾಕುತ್ತಾನೆ. ಹಿಮ ಬೀಳುವ ಚಳಿಗಾಲದಲ್ಲಿ ಬಂಡಿ ಹತ್ತಿದ ಕೂಸು ತಾಯಿಯ ತೋಳಿನ ಬಟ್ಟೆ ಹಿಡಿದೆಳೆದು ನೀನೂ ಬಾ ಎಂದು ಕರೆಯುವ ಸನ್ನಿವೇಶಕ್ಕೆ ಸಮನಾದದ್ದು ಕಾದಂಬರಿ ಸಾಹಿತ್ಯದಲ್ಲಿ ವಿರಳ. ಗೆಂಜಿಗೆ ನೋವಾಗುತ್ತದೆ, ತಾಯಿಯ ಸಂಕಟ ಅರ್ಥವೂ ಆಗುತ್ತದೆ. ಬಂಡಿ ಮಾತ್ರ ಹೊರಟೇಹೋಗುತ್ತದೆ. ತಾಯಿ ಮಗಳನ್ನು ಮತ್ತೆ ಹತ್ತಿರದಿಂದ ಕಾಣುವುದು ಸುಮಾರು ಎಂಟು ವರ್ಷಗಳ ಬಳಿಕ, ಹುಡುಗಿ ಯುವರಾಜನ ಪತ್ನಿಯಾಗಿ ಅರಮನೆ ಪ್ರವೇಶಿಸುವಾಗ. ಮಗಳ ಭವಿಷ್ಯ ಗೆಂಜಿ ಬಯಸಿದಂತೆಯೇ ಬೆಳಗುತ್ತದೆ, ಅವಳು ಸಾಮ್ರಾಜ್ಞಿಯಾಗುತ್ತಾಳೆ. ಅದಕ್ಕೆ ಬೆಲೆ ತೆತ್ತವಳು ಆಕಾಶಿಯ ಹೆಣ್ಣು.

ಇದೇ ಗೆಂಜಿ, ಪ್ರಣಯಕಥೆಗಳನ್ನು ತನ್ನ ಎಳೆಯ ಮಗಳ ಮುಂದೆ ಓದಬಾರದೆಂದು ಮುರಾಸಾಕಿಗೆ ತಾಕೀತು ಮಾಡುವ ಪ್ರಸಂಗವೊಂದು ಕೃತಿಯ ನಡುವೆ ಬರುತ್ತದೆ. ಅದೇ ಕಾಲಕ್ಕೆ ಅವನ ಮನೆಯಲ್ಲಿ ಇನ್ನೊಬ್ಬ ‘ಮಗಳು’ ಇದ್ದಾಳೆ. ಅವಳು ತಮಾಕಜುರಾ, ಗೆಂಜಿಯ ಗೆಳೆಯನ ಮಗಳು. ಅವಳ ತಾಯಿ ಯೂಗಾವೊ ಹಿಂದೆ ಗೆಂಜಿಯೊಡನಿದ್ದ ರಾತ್ರಿಯಲ್ಲೇ ಸತ್ತವಳು. ತನ್ನ ಮಗಳೆಂದು ಲೋಕಕ್ಕೆ ಹೇಳಿ ಆಶ್ರಯ ಕೊಟ್ಟ ಹುಡುಗಿಯ ಬಳಿ ಕುಳಿತು ಗೆಂಜಿ ಪ್ರೇಮದ ಮಾತಾಡುತ್ತಾನೆ. ಅವಳ ರೂಪ ಇನ್ನೊಬ್ಬ ರಾಜಕುಮಾರನಿಗೆ ಕಾಣಲೆಂದು ಕತ್ತಲಲ್ಲಿ ಮಿಂಚುಹುಳುಗಳನ್ನು ಹಾರಿಬಿಡುತ್ತಾನೆ. ಅವನು ಇಬ್ಬರನ್ನೂ ಅಕ್ಕರೆಯಿಂದಲೇ ನೋಡಿಕೊಳ್ಳುತ್ತಾನೆ. ಆದರೆ ಒಬ್ಬಳನ್ನು ಕಥೆಯೊಳಗಿನ ಪ್ರಣಯದಿಂದಲೂ ಕಾಪಾಡಬೇಕು, ಇನ್ನೊಬ್ಬಳು ಅವನಿಂದಲೇ ತನ್ನನ್ನು ಕಾಪಾಡಿಕೊಳ್ಳಬೇಕು. ರಕ್ತಸಂಬಂಧವೊಂದೇ ಎಳೆಯುವ ಈ ಗೆರೆ ಎಷ್ಟು ತೆಳುವಾದದ್ದು ಎಂಬುದನ್ನು ಲೇಖಕಿ ಒಂದು ಮಾತಿನ ಟೀಕೆಯೂ ಇಲ್ಲದೆ, ಎರಡು ಕೋಣೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತಾಳೆ. ಮುಂದೆ, ನಿವೃತ್ತ ಚಕ್ರವರ್ತಿ ಸುಜಾಕು ತನ್ನ ಎಳೆಯ ಮಗಳಿಗೆ ಗಂಡನೂ ತಂದೆಯಂಥ ಪಾಲಕನೂ ಆಗಬಲ್ಲವನನ್ನು ಹುಡುಕಿ, ನಲವತ್ತರ ಹೊಸ್ತಿಲಲ್ಲಿರುವ ಗೆಂಜಿಗೇ ಅವಳನ್ನು ಕೊಡುತ್ತಾನೆ. ಆ ಮದುವೆ ಮೂವರ ಬಾಳನ್ನು ಕೆಡಿಸುತ್ತದೆ: ಮುರಾಸಾಕಿ ಒಳಗೇ ಕುಗ್ಗಿ ಕಾಯಿಲೆ ಬೀಳುತ್ತಾಳೆ, ರಾಜಕುಮಾರಿ ಪರಪುರುಷನ ಬಲಾತ್ಕಾರಕ್ಕೆ ಸಿಕ್ಕಿ ಮಗು ಹೆತ್ತು ಸನ್ಯಾಸಿನಿಯಾಗುತ್ತಾಳೆ, ಹಿಂದೆ ಫುಜಿತ್ಸುಬೊಳ ವಿಷಯದಲ್ಲಿ ತಂದೆಗೆ ತಾನು ಮಾಡಿದ್ದನ್ನು ನೆನೆಯುತ್ತ ಗೆಂಜಿ ಇನ್ನೊಬ್ಬನ ಕೂಸನ್ನು ಎತ್ತಿಕೊಳ್ಳುತ್ತಾನೆ.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಕಾದಂಬರಿಗೆ ಬಂದರೆ ಈ ಸಂಬಂಧ ಮನೆಯ ಊಟದ ಮೇಜಿನವರೆಗೆ ಇಳಿಯುತ್ತದೆ. ಷಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ನಲ್ಲಿ (1847) ರೋಚೆಸ್ಟರನು ಫ್ರೆಂಚ್ ನರ್ತಕಿಯೊಬ್ಬಳ ಮಗಳು ಅಡೆಲ್‌ಳನ್ನು ಸಾಕುತ್ತಾನಾದರೂ ತಾನು ಅವಳ ತಂದೆಯೆಂದು ಒಪ್ಪುವುದಿಲ್ಲ. ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’ ಇನ್ನೂ ಒಳಗೆ ಇಳಿಯುತ್ತದೆ. ಮಕ್ಕಳಿಗೆ ಪಾಠ ಹೇಳುತ್ತಿದ್ದ ಫ್ರೆಂಚ್ ಶಿಕ್ಷಕಿಯೊಡನೆ ಅಬ್ಲಾನ್‌ಸ್ಕಿ ಇಟ್ಟುಕೊಂಡ ಸಂಬಂಧ ಹೆಂಡತಿಗೆ ತಿಳಿದು ಮನೆ ಅಲ್ಲೋಲಕಲ್ಲೋಲವಾದ ಬೆಳಗ್ಗೆ, ಅವನ ಮೆಚ್ಚಿನ ಮಗಳು ತಾನ್ಯಾ ಓಡಿಬಂದು ಕೊರಳಿಗೆ ಜೋತುಬೀಳುತ್ತಾಳೆ. ಅಮ್ಮ ಹೇಗಿದ್ದಾಳೆ ಎಂದು ಅವನು ಹಗುರಾಗಿ ಕೇಳಿದಾಗ, ತಂದೆಗೆ ಎಲ್ಲ ಗೊತ್ತಿದ್ದೂ ನಟಿಸುತ್ತಿದ್ದಾನೆಂದು ಅರಿತ ಆ ಪುಟ್ಟ ಹುಡುಗಿಯ ಮುಖ ಅವನ ಪರವಾದ ನಾಚಿಕೆಯಿಂದ ಕೆಂಪಾಗುತ್ತದೆ. ಅದನ್ನು ಕಂಡು ಅವನ ಮುಖವೂ ಕೆಂಪಾಗುತ್ತದೆ. ಮರುಕ್ಷಣ ಅವನು ಮಿಠಾಯಿ ಕೊಟ್ಟು ಮುದ್ದಾಡಿ ಅವಳನ್ನು ಕಳಿಸುತ್ತಾನೆ. ತಂದೆ ಮಗಳು ಇಬ್ಬರಿಗೂ ಸತ್ಯ ತಿಳಿದ ಮೇಲೂ ಏನೂ ಬದಲಾಗುವುದಿಲ್ಲವೆಂದು ಟಾಲ್‌ಸ್ಟಾಯ್ ಇಷ್ಟು ಕಡಿಮೆ ಸಾಲುಗಳಲ್ಲಿ ಹೇಳಿದ್ದಾನೆ. ಅಬ್ಲಾನ್‌ಸ್ಕಿ ಕಾದಂಬರಿಯ ಕೊನೆಯವರೆಗೂ ಅದೇ ಮನುಷ್ಯ. ಸಾಲ ತೀರಿಸಲು ಹೆಂಡತಿಯ ಕಾಡನ್ನು ಮಾರುತ್ತಾನೆ, ಮಕ್ಕಳ ಚಿಂತೆಯನ್ನು ಅವಳೊಬ್ಬಳೇ ಹೊರುತ್ತಾಳೆ.

ಈ ಕೃತಿಗಳಲ್ಲಿ ಎರಡು ಅತಿ ಹಳೆಯವು, ಮಗಳ ಬಾಯಿಗೆ ನಿರಾಕರಣೆಯ ಶಕ್ತಿಯನ್ನೂ ಕೊಟ್ಟಿವೆ ಎಂಬುದು ಗಮನಾರ್ಹ. ನಾಲ್ಕು ಹೆರಿಗೆಗಳ ಬಳಿಕ ತಂದೆಯ ಬಳಿಗೆ ಮರಳಿದ ಮಾಧವಿಗೆ ಯಯಾತಿ ಗಂಗಾ ಯಮುನೆಯರ ಸಂಗಮದಲ್ಲಿ ಸ್ವಯಂವರ ಏರ್ಪಡಿಸಿದಾಗ ಅವಳು ನೆರೆದ ವರರೆಲ್ಲರನ್ನೂ ದಾಟಿ ಕಾಡನ್ನೇ ವರಿಸಿ ತಪಸ್ಸಿಗೆ ಹೋಗುತ್ತಾಳೆ. ಗೆಂಜಿ ಸತ್ತ ಮೇಲೂ ಮುಂದುವರಿಯುವ ‘ಗೆಂಜಿಯ ಕಥೆ’ಯ ಕೊನೆಯ ನಾಯಕಿ ಉಕಿಫುನೆ, ರಾಜಕುಮಾರನಾದ ತಂದೆ ಮಗಳೆಂದು ಒಪ್ಪಿಕೊಳ್ಳದೆ ದೂರ ತಳ್ಳಿದವಳು, ಇಬ್ಬರು ಪುರುಷರ ನಡುವೆ ಸಿಕ್ಕಿ ಸಾಯಹೊರಟು, ಬದುಕಿ ಉಳಿದು, ಸನ್ಯಾಸಿನಿಯಾಗಿ, ಹುಡುಕಿಕೊಂಡು ಬಂದ ಓಲೆಗೆ ಉತ್ತರ ಕೊಡಲು ಒಪ್ಪುವುದಿಲ್ಲ. ಕಾದಂಬರಿ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಆದರೆ ಮಾಧವಿಯ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಗರ್ವದಿಂದ ಸ್ವರ್ಗ ಕಳೆದುಕೊಂಡು ಕೆಳಗೆ ಬೀಳುವ ಯಯಾತಿಯನ್ನು ಮತ್ತೆ ಮೇಲೇರಿಸುವುದು ಆ ನಾಲ್ವರು ದೌಹಿತ್ರರ ಪುಣ್ಯ ಮತ್ತು ಮಗಳು ಧಾರೆಯೆರೆದ ತಪಸ್ಸಿನ ಅರ್ಧಭಾಗ. ಕೊಟ್ಟುಬಿಟ್ಟ ಮಗಳಿಂದಲೇ ತಂದೆ ಮತ್ತೊಮ್ಮೆ ಪಡೆಯುತ್ತಾನೆ.

ಹಿಂದಿಯಲ್ಲಿ ಭೀಷ್ಮ ಸಾಹ್ನಿ ಅವರು ನಾಟಕವಾಗಿಯೂ ಕನ್ನಡದಲ್ಲಿ ಅನುಪಮಾ ನಿರಂಜನ ಅವರು ಕಾದಂಬರಿಯಾಗಿಯೂ ಮಾಧವಿಯ ಬಾಳನ್ನು ಅವಳ ಹೆಸರಿನಲ್ಲಿಯೇ ಬರೆದಿದ್ದಾರೆ. ಕಾರ್ನಾಡರ ‘ಯಯಾತಿ’ಯನ್ನು ರಂಗದ ಮೇಲೆ ಕಂಡ, ಪುಸ್ತಕದಲ್ಲಿ ಓದಿದ ಕನ್ನಡಿಗರು ಅದರ ಪಕ್ಕದಲ್ಲಿ ಅನುಪಮಾ ಅವರ ‘ಮಾಧವಿ’ಯನ್ನೂ ಇಟ್ಟುಕೊಂಡು ಓದಬೇಕು, ಮಗ ಕೊಟ್ಟ ಯೌವನದ ಕಥೆ ತಿಳಿದವರಿಗೆ ಮಗಳಿಂದ ಕಸಿದ ಯೌವನದ ಕಥೆಯೂ ತಿಳಿದಿರಬೇಕು.