“ಇದು ಹೋಗಂಗಿಲ್ರೀ ಸರ”

ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ ಇಪ್ಪತ್ತು ವರ್ಷದ ಹಿಂದೆ ಕೊಂಡ ಉಣ್ಣೆಯ ಕಾರ್ಪೆಟ್ಟೊಂದು ನಮ್ಮ ಮನೆಯಲ್ಲಿದೆ. ಬಿಳಿ ನೆಲ, ಕೆಂಪು ಅಂಚು, ನಡುವೆ ಮೈ ಮುರಿಯುತ್ತಿರುವ ಡ್ರ್ಯಾಗನ್. ಹೋದ ವರ್ಷ ಮೊಮ್ಮಗಳ ನಾಮಕರಣದ ದಿನ ಅದರ ಬಾಲದ ಮೇಲೆ ಒಂದು ಸೌಟು ಹುಳಿ ಚೆಲ್ಲಿತು. ಯಾವುದೋ ಕ್ಲೀನಿಂಗ್ ಕಂಪನಿಗೆ ಫೋನ್ ಮಾಡಿದೆವು. ಬಂದ ಹುಡುಗರಿಬ್ಬರು ಬಿಸಿನೀರಿಗೆ ಧಾರಾಳವಾಗಿ ಪುಡಿ ಸುರಿದು, ಬ್ರಷ್ ಹಿಡಿದು ತಿಕ್ಕಿದ್ದೇ ತಿಕ್ಕಿದ್ದು. ಹಳದಿ ಕಲೆ ನಮ್ಮ ಕಣ್ಣೆದುರೇ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಥೇಟ್ ಆರತಿ ತಟ್ಟೆಯ ಓಕುಳಿ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ ಎನ್ನುವುದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ರಸಾಯನಶಾಸ್ತ್ರ. ಇಲ್ಲಿ ಸುಣ್ಣದ ಬದಲು ಸೋಡಾ ಇತ್ತು, ಅಷ್ಟೆ. ಹುಡುಗರು ಗಾಬರಿಬಿದ್ದು ಇನ್ನಷ್ಟು ಪುಡಿ ಹಾಕಿದರು. ಸಂಜೆ ಹೊತ್ತಿಗೆ ಅಂಚಿನ ಕೆಂಪೂ ಬಿಳಿ ನೆಲಕ್ಕೆ ಇಳಿದಿತ್ತು.

ಮೂರು ವಾರ ಬಿಟ್ಟು, ಪರಿಚಿತರೊಬ್ಬರ ಮಾತಿನ ಮೇಲೆ ಇನ್ನೊಬ್ಬ ಬಂದ. ಮಷಿನ್ ಗಾಡಿಯಲ್ಲೇ ಇತ್ತು. ಕೈಯಲ್ಲಿ ಒಂದು ಬಿಳಿ ಬಟ್ಟೆ, ಒಂದು ಲೈಟರ್, ಇನ್ನೂರು ಪುಟದ ನೋಟ್‌ಬುಕ್. ಕಾರ್ಪೆಟ್ಟಿನ ಮಗ್ಗುಲಿನಿಂದ ಒಂದೆಳೆ ಕಿತ್ತು ಸುಟ್ಟ, ಮೂಸಿದ. “ಕೂದಲ ಸುಟ್ಟ ವಾಸನಿ ಬರ್ತೈತಿ ನೋಡ್ರಿ. ಖರೆ ಉಣ್ಣಿ.” ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು, ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ. ಆಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಅಂಚಿನ ಮೇಲೆ ಒತ್ತಿ ಹಿಡಿದು ಬಣ್ಣ ಬಿಡುತ್ತದೆಯೇ ನೋಡಿದ. ಕೊನೆಗೆ ಬೆರಳು ತೋರಿಸಿ ಹೇಳಿದ: “ಈ ಅರಿಶಿನ ಹೋಗ್ತೈತಿ. ಅಂಚಿನ ಬಣ್ಣ ಇಳದೈತಲ್ಲ, ಇದು ಹೋಗಂಗಿಲ್ರೀ ಸರ.” ಹೇಳಿದ್ದನ್ನೇ ನೋಟ್‌ಬುಕ್ಕಿನಲ್ಲಿ ಬರೆದು, ಫೋಟೊ ತೆಗೆದುಕೊಂಡು, ನನ್ನ ಸಹಿ ಹಾಕಿಸಿಕೊಂಡ.

ಈ ಲೇಖನ ಆತನನ್ನೂ ಆತನ ಕಸುಬನ್ನೂ ಕುರಿತದ್ದು. ಹೆಸರು ಕೇಳಬೇಡಿ. “ಹೆಸರ ಹಾಕಬ್ಯಾಡ್ರಿ, ಹಳೇ ಮಾಲಕ್ರು ಪೇಪರ್ ಓದ್ತಾರ” ಅಂದಿದ್ದಾನೆ. ನವಲಗುಂದ ತಾಲ್ಲೂಕಿನ ಹಳ್ಳಿಯವನು. ಬೆಂಗಳೂರಿನ ಕ್ಲೀನಿಂಗ್ ಕಂಪನಿಯೊಂದರಲ್ಲಿ ಏಳು ವರ್ಷ ಟೆಕ್ನಿಶಿಯನ್ ಆಗಿದ್ದ. ಈಗ ನಾಲ್ಕು ವರ್ಷದಿಂದ ಸ್ವಂತ ವ್ಯವಹಾರ: ಸೆಕೆಂಡ್‌ಹ್ಯಾಂಡ್ ಓಮ್ನಿ, ಎರಡು ಮಷಿನ್, ಮೂವರು ಹುಡುಗರು, ಮಾಗಡಿ ರಸ್ತೆಯ ಆಚೆ ಒಂದು ತಗಡಿನ ಶೆಡ್.

ನವಲಗುಂದ ಎಂದರೆ ಜಮಖಾನೆ. ಮನೆಯೊಳಗೆ ನಿಲುಮಗ್ಗದ ಮುಂದೆ ಕೂತು ಹೆಂಗಸರು ನೇಯುವ, ಭೌಗೋಳಿಕ ಸೂಚಕ ಪಡೆದ ಹತ್ತಿಯ ಜಮಖಾನೆ. ಈತನಿಗೆ ನೇಯ್ಗೆ ಗೊತ್ತಿಲ್ಲ, ಆದರೆ ತೊಳೆಯುವುದು ಗೊತ್ತಿತ್ತು. ದಸರೆಗೆ ಮುಂಚೆ ಮನೆಯ ಕೌದಿ, ಜಮಖಾನೆ, ಹಾಸಿಗೆ ಎಲ್ಲ ಚಕ್ಕಡಿಗೆ ಹೇರಿ ಬೆಣ್ಣೆಹಳ್ಳಕ್ಕೆ ಹೊಡೆದುಕೊಂಡು ಹೋಗಿ, ಅವ್ವ ಕಲ್ಲಿಗೆ ಬಡಿದು ತೊಳೆಯುತ್ತಿದ್ದಳು. ಬೆಂಗಳೂರಿಗೆ ಬಂದಮೇಲೆ ಆತ ಮೊದಲು ಮರೆಯಬೇಕಾದದ್ದು ಅದನ್ನೇ. ಹತ್ತಿ ನೆನೆದಷ್ಟೂ ಗಟ್ಟಿ. ಬಡಿತ, ಕುದಿನೀರು, ಸೋಡಾ ಎಲ್ಲವನ್ನೂ ತಾಳುತ್ತದೆ. ಉಣ್ಣೆ ನೆನೆದರೆ ದುರ್ಬಲ. ನಮ್ಮ ತಲೆಗೂದಲಿನ ಜಾತಿಯದೇ ಅದು, ಪ್ರೋಟೀನ್. ಕ್ಷಾರ ಹೆಚ್ಚಾದರೆ ಎಳೆ ಸವೆಯುತ್ತದೆ, ಬಣ್ಣ ಸಡಿಲವಾಗುತ್ತದೆ. ಬಿಸಿಯಲ್ಲಿ ತಿಕ್ಕಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಂತೆ ಮುದ್ದೆಯಾಗುತ್ತವೆ. ಇನ್ನು ‘ಆರ್ಟ್ ಸಿಲ್ಕ್’, ‘ಬ್ಯಾಂಬೂ ಸಿಲ್ಕ್’ ಎಂದು ಅಂಗಡಿಯವರು ಮಾರುವ ವಿಸ್ಕೋಸ್ ಕಾರ್ಪೆಟ್ ಬಂದರಂತೂ ಈ ಕಸುಬಿನವರ ಎದೆ ಧಸಕ್ಕೆನ್ನುತ್ತದೆ. ಬರೀ ನೀರು ಬಿದ್ದರೂ ಅದು ಹಳದಿಯಾಗಿ, ಗಡುಸಾಗಿ ನಿಲ್ಲಬಹುದು.

ಕಾರ್ಪೆಟ್ ತೊಳೆಯುವುದೆಂದರೆ ನೊರೆ ಎಬ್ಬಿಸುವುದು ಎಂದು ನಾನೂ ಅಂದುಕೊಂಡಿದ್ದೆ. ಆತನ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹೋಗುವುದು ನೀರು ಮುಟ್ಟುವುದಕ್ಕೆ ಮೊದಲು. ಕಾರ್ಪೆಟ್ಟಿನೊಳಗಿನ ಕೊಳೆಯಲ್ಲಿ ಬಹುಪಾಲು ಒಣ ಧೂಳು, ಮರಳು. ಅದನ್ನು ವ್ಯಾಕ್ಯೂಮಿನಲ್ಲಿ ಎಳೆಯದೆ ನೀರು ಹಾಕಿದರೆ ಕೆಸರಾಗುತ್ತದೆ. ಕಾರ್ಪೆಟ್ಟನ್ನು ಮಗುಚಿ ಹಿಂದಿನಿಂದ ತಟ್ಟಿ, ಮತ್ತೆ ತಿರುಗಿಸಿ ಎಳೆದ. ನಮ್ಮ ಡ್ರ್ಯಾಗನ್ ಹೊಟ್ಟೆಯಿಂದ ಒಂದು ಬಟ್ಟಲು ಮಣ್ಣು ಬಂತು, ನಾವು ದಿನಾ ಗುಡಿಸುತ್ತಿದ್ದೆವು ಎಂಬ ನಮ್ಮ ಹೆಮ್ಮೆಯೂ ಜೊತೆಗೆ ಹೋಯಿತು. ಆಮೇಲೆ ಮೃದುವಾದ ದ್ರಾವಣ ಸಿಂಪಡಿಸಿ, ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡುವುದು. ಆಮೇಲೆ ಮೆತ್ತನೆಯ ಬ್ರಷ್. ಆಮೇಲೆ ಮಷಿನ್: ಒಂದೇ ಮೂತಿಯಿಂದ ನೀರು ಚಿಮ್ಮಿಸಿ ಆ ಕ್ಷಣವೇ ಹೀರಿಕೊಳ್ಳುವ ಯಂತ್ರ. ಜನ ಇದಕ್ಕೆ ‘ಸ್ಟೀಮ್ ವಾಶ್’ ಎನ್ನುತ್ತಾರೆ; ಇದರಲ್ಲಿ ಹಬೆ ಇರುವುದಿಲ್ಲ, ನೀರೇ. ಕೊನೆಗೆ ಬ್ಲೋವರ್ ಇಟ್ಟು ಒಣಗಿಸುವುದು. ಇಲ್ಲಿ ಸೋಮಾರಿತನ ಮಾಡಿದರೆ ಬುಡದಲ್ಲಿ ಉಳಿದ ಕೊಳೆ ತೇವದ ಜೊತೆ ಎಳೆಯ ತುದಿಗೆ ಏರಿ, ಹೋದ ಕಲೆ ಮೂರನೆಯ ದಿನ ವಾಪಸ್ ಬರುತ್ತದೆ. ಶಾಂಪೂ ಉಳಿದರೆ ಅಂಟಂಟಾಗಿ ಹೊಸ ಧೂಳನ್ನು ಕರೆಯುತ್ತದೆ. “ತೊಳಿಸಿದ ಮ್ಯಾಲ ಜಲ್ದಿ ಹೊಲಸಾಗ್ತೈತಿ ಅಂತಾರಲ್ರೀ, ಅದು ಇದ.”

ಹೆನ್ಕೆಲ್ ಕಂಪನಿಯಲ್ಲಿದ್ದ ಜರ್ಮನಿಯ ಹರ್ಬರ್ಟ್ ಸಿನ್ನರ್ ಎಂಬಾತ 1959ರಲ್ಲಿ ಈ ಕಸುಬಿನ ಗುಟ್ಟನ್ನೆಲ್ಲ ಒಂದು ವೃತ್ತದಲ್ಲಿ ಬರೆದಿಟ್ಟ. ಯಾವುದನ್ನೇ ತೊಳೆಯಲು ನಾಲ್ಕು ಬೇಕು: ರಾಸಾಯನಿಕ, ಬಿಸಿ, ತಿಕ್ಕುವ ಬಲ, ಸಮಯ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಲೇಬೇಕು. ಇದನ್ನು ಓದಿದಮೇಲೆ ಮೊದಲು ಬಂದಿದ್ದ ಆ ಹುಡುಗರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಅವರ ಬಳಿ ಸಮಯ ಇರಲಿಲ್ಲ. ಅವತ್ತಿಗೆ ನಮ್ಮದು ಅವರ ನಾಲ್ಕನೆಯ ಮನೆ, ಇನ್ನೂ ಎರಡು ಬಾಕಿ ಇದ್ದವು. ಸಮಯದ ಕೊರತೆಯನ್ನು ಸೋಡಾದಿಂದ, ಬಿಸಿನೀರಿನಿಂದ, ರಟ್ಟೆಯಿಂದ ತುಂಬಿಸಿದರು. ಉಣ್ಣೆಗೆ ಈ ಮೂರೂ ಆಗದು.

ಹಾಗೆ ನೋಡಿದರೆ ಮನೆಬಾಗಿಲಿಗೆ ಹೋಗಿ ಮಾಡುವ ಸೇವೆ ಈ ಕಸುಬಿಗೆ ಹೊಸದಲ್ಲ. ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಮಾಡಿದ ಹೀರುಯಂತ್ರ ಕುದುರೆ ಗಾಡಿಯಷ್ಟು ದೊಡ್ಡದಿತ್ತು. ಬೀದಿಯಲ್ಲಿ ಗಾಡಿ ನಿಲ್ಲಿಸಿ, ಕಿಟಕಿಯಿಂದ ಉದ್ದನೆಯ ಕೊಳವೆ ಒಳಗೆ ಬಿಟ್ಟು ಕಾರ್ಪೆಟ್ಟಿನ ಧೂಳು ಎಳೆಯುತ್ತಿದ್ದರು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಾರ್ಪೆಟ್ ಶುಚಿ ಮಾಡಿದ ಮೇಲೆ ಬೂತನ ಅದೃಷ್ಟ ಖುಲಾಯಿಸಿತು. ಅದಕ್ಕೂ ಮುಂಚೆ, 1876ರಲ್ಲಿ, ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಪಿಂಗಾಣಿ ಅಂಗಡಿಯವನಾದ ಮೆಲ್ವಿಲ್ ಬಿಸೆಲ್ ತನ್ನ ಅಂಗಡಿಯ ಕಾರ್ಪೆಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದ ಮರದ ಹೊಟ್ಟಿನ ಕಾಟ ತಾಳಲಾರದೆ ಗುಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. 1889ರಲ್ಲಿ ಆತ ತೀರಿಕೊಂಡಾಗ ಕಂಪನಿ ನಡೆಸಲು ಕೂತವಳು ಹೆಂಡತಿ ಆ್ಯನ್ನಾ. ಒಹಾಯೊದಲ್ಲಿ 1947ರಲ್ಲಿ ಜ್ಯಾಕ್ ಬೇಟ್ಸ್ ಒಬ್ಬನೇ ಶುರುಮಾಡಿದ ಕಾರ್ಪೆಟ್ ತೊಳೆಯುವ ಕೆಲಸ ಇವತ್ತಿನ ಸ್ಟ್ಯಾನ್ಲಿ ಸ್ಟೀಮರ್. ಅಲ್ಲಿ ಈಗಲೂ ವ್ಯಾನಿನಲ್ಲೇ ಎಂಜಿನ್, ಬಿಸಿನೀರು, ಹೀರುವ ಪಂಪು. ಕೊಳವೆ ಮಾತ್ರ ಮನೆಯೊಳಗೆ. ಬೆಂಗಳೂರಿನ ಹದಿನಾಲ್ಕನೆಯ ಮಹಡಿಗೆ ಕೊಳವೆ ಹೇಗೆ ಬಿಡುತ್ತೀರಿ? ಇಲ್ಲಿ ಮಷಿನ್ನನ್ನು ಸರ್ವಿಸ್ ಲಿಫ್ಟಿನಲ್ಲಿ ಹೊರಬೇಕು. ಅದಕ್ಕೆ ಮೊದಲು ಗೇಟಿನಲ್ಲಿ ಸೆಕ್ಯುರಿಟಿಯವರ ಆ್ಯಪಿಗೆ ಮುಖ ತೋರಿಸಿ ಕಾಯಬೇಕು.

ಆ ಕಾಯುವಿಕೆಗೂ ಬೆಲೆಯಿದೆ ಎಂದು ಟೆಕ್ನಿಶಿಯನ್ ಆಗಿದ್ದಾಗ ಆತನಿಗೆ ಗೊತ್ತಿರಲಿಲ್ಲ. ಆಗ ಕಂಡ ಲೆಕ್ಕ ಸರಳ: ಐದು ಸೀಟಿನ ಸೋಫಾಕ್ಕೆ ಗಿರಾಕಿ ಕೊಡುವುದು 1,500 ರೂಪಾಯಿ, ತನಗೆ ಸಿಗುವುದು ದಿನಕ್ಕೆ 600. ಉಳಿದದ್ದೆಲ್ಲ ಮಾಲೀಕನ ಜೇಬಿಗೆ. ತಾನೇ ಮಾಲೀಕನಾದರೆ? ಒಂದು ದಿನ ಕೆಲಸ ಬಿಟ್ಟ. ಬಿಡುವಾಗ ನಾಲ್ಕು ಗಿರಾಕಿಗಳ ನಂಬರನ್ನೂ ಜೊತೆಗೆ ತಂದ. ಅದನ್ನು ಆತ ಮುಚ್ಚಿಡಲಿಲ್ಲ.

ಹೊಸ ಲೆಕ್ಕ ಹೀಗಾಯಿತು. ಇಬ್ಬರು ಹುಡುಗರ ಸಂಬಳ ದಿನಕ್ಕೆ 1,500. ಪೆಟ್ರೋಲು 400. ದ್ರಾವಣ, ಬಟ್ಟೆ, ಬ್ರಷ್ 200. ಸಾಲದ ಕಂತು ದಿನಕ್ಕೆ ಹಂಚಿದರೆ 300. ಕೆಂಗೇರಿಯಲ್ಲಿ ಒಂದು ಮನೆ, ವೈಟ್‌ಫೀಲ್ಡಿನಲ್ಲಿ ಇನ್ನೊಂದು ಮನೆ ಒಪ್ಪಿಕೊಂಡರೆ ದಿನ ಮುಗಿಯಿತು. ಬಂದದ್ದು 3,000. ಕಳೆದು ನೋಡಿ: ಉಳಿಯುವುದು 600. ಏಳು ವರ್ಷ ಬಯ್ದುಕೊಂಡಿದ್ದ ಅದೇ 600. ಅದೂ ಯಾವ ಮನೆಯಿಂದಲೂ ‘ರಿವರ್ಕ್’ ಫೋನ್ ಬರದ ದಿನ. ಬಂದರೆ ಮಾರನೆಯ ದಿನ ಪುಕ್ಕಟೆ.

ಅಮೆರಿಕದ ಮೈಕಲ್ ಗರ್ಬರ್ 1986ರಲ್ಲಿ ‘ದಿ ಇ-ಮಿತ್’ ಎಂಬ ಪುಸ್ತಕದಲ್ಲಿ ಇಂಥವರನ್ನು ಕುರಿತೇ ಬರೆದ. ಒಂದು ಕೆಲಸ ಚೆನ್ನಾಗಿ ಬಲ್ಲವನಿಗೆ ಆ ಕೆಲಸದ ವ್ಯಾಪಾರವೂ ಗೊತ್ತಿರುತ್ತದೆ ಎಂದುಕೊಳ್ಳುವುದೇ ಸಣ್ಣ ಉದ್ಯಮಗಳು ಮುಳುಗುವ ಜಾಗ ಎಂಬುದು ಅವನ ವಾದ. ನಮ್ಮವನು ಆ ಪುಸ್ತಕ ಓದಿಲ್ಲ. ಓದಿದ್ದರೆ ಒಂದು ವರ್ಷ ಉಳಿಯುತ್ತಿತ್ತು ಅನ್ನಿಸುತ್ತದೆ, ಉಳಿಯುತ್ತಿರಲಿಲ್ಲವೇನೋ. ಬೈಗುಳ ತಿಂದು ಕಲಿತ ಲೆಕ್ಕ ಪುಸ್ತಕದ ಲೆಕ್ಕಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಎರಡನೆಯ ವರ್ಷ ಆತ ಮಾಡಿದ್ದು ಹೆಚ್ಚು ಕೆಲಸ ಹಿಡಿಯುವುದನ್ನಲ್ಲ, ಬಿಡುವುದನ್ನು. ಔಟರ್ ರಿಂಗ್ ರಸ್ತೆಯ ಆಚೆಗಿನ ಮನೆಗಳನ್ನು ಬಿಟ್ಟ. ‘ಎಷ್ಟಾಗತ್ತೆ, ಕಮ್ಮಿ ಮಾಡ್ತೀರಾ’ ಎಂದೇ ಮಾತು ಶುರುಮಾಡುವ ಸೋಫಾಗಳನ್ನು ಬಿಟ್ಟ. ಬೇರೆಯವರು ಮುಟ್ಟಲು ಹೆದರುವ ಉಣ್ಣೆಯ ಕಾರ್ಪೆಟ್ಟುಗಳನ್ನು ಮನೆಯಲ್ಲಿ ತೊಳೆಯದೆ ಶೆಡ್ಡಿಗೆ ತರತೊಡಗಿದ. ಅಲ್ಲಿ ಸಿನ್ನರನ ನಾಲ್ಕರಲ್ಲಿ ಒಂದಾದ ಸಮಯ ಬೇಕಾದಷ್ಟಿದೆ. ಎರಡು ಸಣ್ಣ ಆಫೀಸುಗಳ ನೈಲಾನ್ ಕಾರ್ಪೆಟ್ಟಿನ ವಾರ್ಷಿಕ ಕರಾರು ಸಿಕ್ಕಿತು. ಅದು ಶನಿವಾರ ರಾತ್ರಿಯ ಕೆಲಸ, ಟ್ರಾಫಿಕ್ ಇಲ್ಲ, ಲಿಫ್ಟು ಖಾಲಿ. ಎರಡನೆಯ ಮಷಿನ್ನಿಗೆ ಮುದ್ರಾ ಯೋಜನೆಯ ‘ಕಿಶೋರ’ ಸಾಲ ಪಡೆದ. 50,000ದಿಂದ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಿಗುವ ಸಾಲ ಅದು. ಅರ್ಜಿಯ ಜೊತೆ ಉದ್ಯಮ್ ನೋಂದಣಿ ಕೇಳಿದರು. ಅದನ್ನು ಮಾಡಿಸಿಕೊಡಲು ಏಜೆಂಟನೊಬ್ಬ 2,000 ರೂಪಾಯಿ ಕಿತ್ತ. ಸರ್ಕಾರದ ಜಾಲತಾಣದಲ್ಲಿ ಅದು ಪೂರ್ತಿ ಉಚಿತ, ಮೊಬೈಲಿನಲ್ಲೇ ಆಗುತ್ತದೆ. ಓದುವವರಲ್ಲಿ ಯಾರಾದರೂ ಈ ದಾರಿಯಲ್ಲಿದ್ದರೆ ಗೊತ್ತಿರಲಿ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಆತ ಇನ್ನೂ ಅದರ ಒಳಗಿದ್ದಾನೆ.

ಬೆಂಗಳೂರಿನ ಮಳೆ ಈ ಕಸುಬಿಗೆ ಶತ್ರು. ಒಣಗದ ಉಣ್ಣೆ ನಾಯಿ ನೆನೆದ ವಾಸನೆ ಬೀರುತ್ತದೆ. ಹಾಗಾಗಿ ಜುಲೈ, ಆಗಸ್ಟಿನಲ್ಲಿ ಹುಡುಗರಿಗೆ ಕೂರಿಸಿ ಸಂಬಳ; ಗಣೇಶ ಹಬ್ಬ ಮುಗಿದದ್ದೇ ಫೋನಿಗೆ ಬಿಡುವಿಲ್ಲ. ಹೋದ ಮಳೆಗಾಲದಲ್ಲಿ ಆತನ ಅತ್ಯುತ್ತಮ ಹುಡುಗ ಕೆಲಸ ಬಿಟ್ಟ. ಹೋಗುವಾಗ ಆರು ಗಿರಾಕಿಗಳ ನಂಬರ್ ಒಯ್ದ. “ನೀವೇನಂದ್ರಿ ಅವನಿಗೆ?” ಕೇಳಿದೆ. “ಏನನ್ನಲ್ರೀ? ನಾ ನಾಕ ಒಯ್ದಿದ್ದೆ, ಅವಾ ಆರ ಒಯ್ದ.” ನಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳೆಯ ಮಾಲೀಕರಿಗೆ ದೀಪಾವಳಿಗೆ ಒಂದು ಫೋನ್ ಮಾಡಬೇಕು ಅಂದ. ಮಾಡಿದನೋ ಇಲ್ಲವೋ ನಾನು ಕೇಳಲಿಲ್ಲ.

ಆ ನೋಟ್‌ಬುಕ್ಕನ್ನು ಶೆಡ್ಡಿನಲ್ಲಿ ಕೂತು ತಿರುವಿಹಾಕಿದೆ. ಪುಟಪುಟಕ್ಕೂ ಕಲೆಗಳ ಜಾತಕ. ದೀಪದ ಎಣ್ಣೆ, ಫಿಲ್ಟರ್ ಕಾಫಿ, ಬೆಕ್ಕು, ಬಾಲ್ ಪೆನ್ನು, ಮೆಹಂದಿ. ಎದುರಿಗೆ ಮೂರೇ ಬಗೆಯ ಟಿಪ್ಪಣಿ: ‘ಹೋಗ್ತದ’, ‘ನೋಡೋಣ’, ‘ಹೋಗಲ್ಲ’. ಕೆಳಗೆ ಗಿರಾಕಿಯ ಸಹಿ. ಕಂಪನಿಯಲ್ಲಿದ್ದಾಗ ‘ಹೋಗಲ್ಲ’ ಅನ್ನುವ ಅಧಿಕಾರ ಟೆಕ್ನಿಶಿಯನ್ನಿಗೆ ಇರಲಿಲ್ಲ. ಫೋನಿನಲ್ಲಿ ಕೂತ ಯಾರೋ ‘ನೂರಕ್ಕೆ ನೂರು ಹೋಗುತ್ತೆ ಮೇಡಂ’ ಎಂದು ಮೊದಲೇ ಮಾತು ಕೊಟ್ಟಿರುತ್ತಿದ್ದರು, ಬೈಗುಳ ಮಾತ್ರ ಬ್ರಷ್ ಹಿಡಿದವನಿಗೆ. ಈಗ ಮಾತೂ ಆತನದೇ, ಬೈಗುಳವೂ ಆತನದೇ. ನನ್ನ ಕಣ್ಣಿಗೆ ಆ ಎರಡು ಮಷಿನ್ನುಗಳಿಗಿಂತ ಆ ಒಂದು ಪದವೇ ಆತನ ದೊಡ್ಡ ಬಂಡವಾಳ. ‘ಹೋಗಲ್ಲ’ ಎಂದು ಬರೆದ ಪುಟಗಳ ಗಿರಾಕಿಗಳೇ ಹೆಚ್ಚಾಗಿ ಮತ್ತೆ ಕರೆಯುವುದು ಎಂದು ಆತ ಹೇಳಿದ. ನಂಬುತ್ತೇನೆ, ನಾನೂ ಅವರಲ್ಲೊಬ್ಬ.

ನಮ್ಮ ಕಾರ್ಪೆಟ್ಟಿಗೆ ಆತ ಮೊದಲು ವಿನೆಗರ್ ಬೆರೆಸಿದ ತಣ್ಣೀರು ಕೊಟ್ಟ. ಇಟ್ಟಿಗೆ ಕೆಂಪು ಮತ್ತೆ ಹಳದಿಗೆ ಇಳಿಯಿತು. ತೊಳೆದಮೇಲೆ ಉಳಿದ ಹಳದಿಗೆ ಬಿಸಿಲೇ ಮದ್ದು ಎಂದು, ದಿನಾ ಬೆಳಿಗ್ಗೆ ಒಂದೆರಡು ಗಂಟೆ ಆ ಜಾಗವಷ್ಟನ್ನೇ ಎಳೆಬಿಸಿಲಿಗೆ ಹಿಡಿಯಲು ಹೇಳಿದ. ಹತ್ತು ದಿನದಲ್ಲಿ ಅರಿಶಿನ ಮಾಯ. ಅಂಚಿನಿಂದ ಇಳಿದ ಕೆಂಪು ಹಾಗೇ ಇದೆ, ಪುಟ 143ರಲ್ಲಿ ಬರೆದಂತೆ. ಅದರ ಮೇಲೆ ಈಗ ಟೀಪಾಯಿ ಇಟ್ಟಿದ್ದೇವೆ.

ನಿಮ್ಮ ಮನೆಯಲ್ಲೂ ಹುಳಿ ಚೆಲ್ಲಿದರೆ ಒಣ ಬಟ್ಟೆಯಲ್ಲಿ ಒತ್ತಿ ಹೀರಿಸಿ. ತಿಕ್ಕಬೇಡಿ, ಸೋಪು ಮುಟ್ಟಿಸಬೇಡಿ. ತೊಳೆಯುವವರು ಬಂದರೆ ಇದು ಉಣ್ಣೆಯೋ ನೈಲಾನೋ ಎಂದು ಅವರನ್ನೇ ಮೊದಲು ಕೇಳಿ. ಉತ್ತರ ಬಾರದಿದ್ದರೆ ಕಾಫಿ ಕೊಟ್ಟು ಕಳುಹಿಸಿ.