ತೆರಿಗೆ ವಂಚನೆ ಆರೋಪದ ಹಸ್ತಾಂತರ ಪ್ರಕರಣಗಳು: ಮೇಲ್ಮನವಿಯಲ್ಲಿ ಪ್ರಮಾಣಬದ್ಧತೆಯ ಪರಿಶೀಲನೆ

ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳಿಂದ ಹೊರದೇಶಕ್ಕೆ ತೆರಳಿರುವವರ ಕುಟುಂಬದವರು ಮೊದಲು ತಿಳಿಯಬೇಕಾದ ಅಂಶವೆಂದರೆ, ತೆರಿಗೆ ಬಾಕಿಯ ನೋಟೀಸು ಬಂದ ಮಾತ್ರಕ್ಕೆ ಯಾರನ್ನೂ ಹಸ್ತಾಂತರಿಸಲಾಗುವುದಿಲ್ಲ. ಹಸ್ತಾಂತರಕ್ಕೆ (ಪತ್ರಿಕೆಗಳು ಇದನ್ನೇ ಗಡಿಪಾರು ಎನ್ನುವುದುಂಟು, ಅದು ಬೇರೆಯೇ ಕ್ರಮ) ಕ್ರಿಮಿನಲ್ ಆರೋಪ ಅಥವಾ ಶಿಕ್ಷೆಯ ತೀರ್ಪು ಇರತಕ್ಕದ್ದು.

ಆದರೆ "ತೆರಿಗೆಯ ವಿಷಯ ಮಾತ್ರ" ಎಂಬ ವಾದವು ರಕ್ಷಣೆಯಾಗದು. ಭಾರತ ಮತ್ತು ಬ್ರಿಟನ್ ನಡುವಿನ 1992ರ ಒಪ್ಪಂದದಡಿ ತೆರಿಗೆ ಸಂಬಂಧಿ ಅಪರಾಧಕ್ಕೂ ಹಸ್ತಾಂತರ ಕೋರಬಹುದಾಗಿದೆ. ಅದೇ ಒಪ್ಪಂದದ 9ನೇ ಅನುಚ್ಛೇದದ ಪ್ರಕಾರ, ಅಪರಾಧ ಕ್ಷುಲ್ಲಕವಾಗಿದ್ದು, ಬಹುಕಾಲ ಗತಿಸಿದ್ದು ಅಥವಾ ಆರೋಪದಲ್ಲಿ ಸದ್ಭಾವನೆಯಿಲ್ಲದೆ ಹಸ್ತಾಂತರವು ಅನ್ಯಾಯವೆನಿಸಿದಲ್ಲಿ ಅದನ್ನು ನಿರಾಕರಿಸಬಹುದು. ಭಾರತದಿಂದ ಹೊರದೇಶಕ್ಕೆ ಒಪ್ಪಿಸುವ ಪ್ರಕರಣಗಳಲ್ಲಿ 1962ರ ಹಸ್ತಾಂತರ ಕಾಯ್ದೆಯ 29ನೇ ಪ್ರಕರಣವು ಕೇಂದ್ರ ಸರ್ಕಾರಕ್ಕೆ ಇಂತಹುದೇ ಅಧಿಕಾರ ನೀಡಿದೆ.

ಪ್ರಮಾಣಬದ್ಧತೆ ಎಂದರೆ ಆರೋಪದ ಗಂಭೀರತೆಯನ್ನು ವ್ಯಕ್ತಿ ಹಾಗೂ ಕುಟುಂಬಕ್ಕಾಗುವ ಹಾನಿಯೊಂದಿಗೆ ತೂಗಿ ನೋಡುವುದು. ಬ್ರಿಟನ್ನಿನ ನ್ಯಾಯಾಲಯಗಳು ಕುಟುಂಬ ಜೀವನದ ಹಕ್ಕಿನಡಿ ಹೀಗೆ ತೂಗುತ್ತವೆ. ಹಸ್ತಾಂತರದಲ್ಲಿರುವ ಸಾರ್ವಜನಿಕ ಹಿತಕ್ಕೆ ಅಲ್ಲಿ ಹೆಚ್ಚಿನ ತೂಕವಿದೆ. ಅಸಾಧಾರಣ ಪರಿಣಾಮಗಳಿದ್ದಲ್ಲಿ ಮಾತ್ರ ತಕ್ಕಡಿ ಮತ್ತೊಂದು ಕಡೆ ವಾಲುತ್ತದೆ. ಅಪ್ರಾಪ್ತ ಮಕ್ಕಳ ಹಿತ, ಗಂಭೀರ ಕಾಯಿಲೆ, ಸರ್ಕಾರದ ಕಡೆಯಿಂದಾದ ವಿಳಂಬ ಗಣನೆಗೆ ಬರುತ್ತವೆ. ತಾನೇ ತಲೆಮರೆಸಿಕೊಂಡು ಕಳೆದ ಕಾಲದ ಲಾಭ ಸಾಮಾನ್ಯವಾಗಿ ದೊರೆಯದು.

ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಪ್ರಕರಣ ಎಲ್ಲರೂ ಬಲ್ಲದ್ದು. ಅದು ತೆರಿಗೆಯದಲ್ಲ, ಬ್ಯಾಂಕ್ ಸಾಲದ್ದು. ಅವರ ಮೇಲ್ಮನವಿಯನ್ನು ಲಂಡನ್ನಿನ ಹೈಕೋರ್ಟ್ 20-4-2020ರಂದು ವಜಾಗೊಳಿಸಿತು. ತೆರಿಗೆ ವಂಚನೆಯ ಆರೋಪವೂ ಇದ್ದ ಸಂಜಯ್ ಭಂಡಾರಿ ಅವರ ಮೇಲ್ಮನವಿಯನ್ನು ಅದೇ ನ್ಯಾಯಾಲಯ 28-2-2025ರಂದು ಪುರಸ್ಕರಿಸಿತು. ಆರೋಪ ಚಿಕ್ಕದೆಂಬುದು ಕಾರಣವಾಗಿರಲಿಲ್ಲ. ತಿಹಾರ್ ಕಾರಾಗೃಹದಲ್ಲಿ ಹಿಂಸೆ ಹಾಗೂ ಸುಲಿಗೆಯ ಅಪಾಯವಿದೆ ಎಂಬುದು ಮುಖ್ಯ ಕಾರಣಗಳಲ್ಲೊಂದಾಗಿತ್ತು. ಆದುದರಿಂದ ತೆರಿಗೆಯ ಮೊತ್ತವೊಂದನ್ನೇ ನೆಚ್ಚಿಕೊಳ್ಳುವುದು ದುರ್ಬಲ ಮಾರ್ಗ.

ಬ್ರಿಟನ್ನಿನಲ್ಲಿ ಹಸ್ತಾಂತರ ಆದೇಶವನ್ನು ತಿಳಿಸಿದ ದಿನವೂ ಸೇರಿ 14 ದಿನಗಳೊಳಗೆ ಮೇಲ್ಮನವಿಗೆ ಅನುಮತಿ ಕೋರಬೇಕು. ಊರಿನಿಂದ ದಾಖಲೆ ತಲುಪಲು ಈ ಅವಧಿ ಸಾಲದು. ಆದ್ದರಿಂದ ಬಂಧನವಾದ ಕೂಡಲೇ ನಾಡಕಚೇರಿಯಿಂದ ವಂಶವೃಕ್ಷ ಹಾಗೂ ಆದಾಯ ಪ್ರಮಾಣ ಪತ್ರ, ವೃದ್ಧ ತಂದೆತಾಯಿಯರ ಆಸ್ಪತ್ರೆ ದಾಖಲೆ, ಮಕ್ಕಳ ಶಾಲಾ ದಾಖಲೆಗಳನ್ನು ಪಡೆದು ಇಂಗ್ಲಿಷ್ ಅನುವಾದದೊಂದಿಗೆ ವಕೀಲರಿಗೆ ಕಳುಹಿಸತಕ್ಕದ್ದು. ಉಚಿತ ಕಾನೂನು ಸಲಹೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ ಸಹಾಯವಾಣಿ 15100 ಅನ್ನು ಸಂಪರ್ಕಿಸಬಹುದಾಗಿದೆ.