ಒಮ್ಮೆ ಅಗೆದರೆ ಹಿಗ್ಗದ ನಿಲ್ದಾಣ

ತೆಲಂಗಾಣದ ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ್ ಸೀಮೆಯಿಂದ ಓದು, ಉದ್ಯೋಗ, ಚಿಕಿತ್ಸೆಗಳ ನಿಮಿತ್ತ ಊರು ಬಿಡುವ ಕನ್ನಡಿಗರಿಗೆ ಹೋಗಿ ಸೇರಲು ಇರುವ ಮಹಾನಗರಗಳು ಮುಖ್ಯವಾಗಿ ಎರಡು: ಒಂದು ಸ್ವಂತ ರಾಜ್ಯದ ರಾಜಧಾನಿಯಾದ ಹೈದರಾಬಾದ್, ಇನ್ನೊಂದು ಭಾಷೆಯ ನಂಟಿನ ಬೆಂಗಳೂರು. ಎರಡರಲ್ಲೂ ಮೆಟ್ರೊ ಓಡುತ್ತಿದೆಯಾದರೂ, ಹೈದರಾಬಾದಿನ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿದವರು ಮೆಟ್ರೊ ಹಿಡಿಯಲು ಮೆಟ್ಟಿಲು ಹತ್ತಬೇಕು, ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದವರು ಮೆಟ್ಟಿಲು ಇಳಿಯಬೇಕು. 2017ರ ನವೆಂಬರ್‌ನಲ್ಲಿ ಆರಂಭವಾದ ಹೈದರಾಬಾದ್ ಮೆಟ್ರೊದ ಮೊದಲ ಹಂತದ ಸುಮಾರು 69 ಕಿ.ಮೀ. ಮಾರ್ಗದಲ್ಲಿ 57 ನಿಲ್ದಾಣಗಳಿದ್ದು, ಅವುಗಳಲ್ಲಿ ಒಂದೂ ನೆಲದಡಿಯಲ್ಲಿಲ್ಲ. ಬೆಂಗಳೂರಿನ ಮೊದಲ ಹಂತದ 42.3 ಕಿ.ಮೀ. ಪೈಕಿ 8.8 ಕಿ.ಮೀ. ಸುರಂಗದಲ್ಲಿ ಸಾಗಿ, ಏಳು ನಿಲ್ದಾಣಗಳು ನೆಲದ ಕೆಳಗೇ ಇವೆ.

ಈ ವ್ಯತ್ಯಾಸಕ್ಕೆ ಭೂಮಿಯ ಗುಣ ಕಾರಣವೆಂದು ಹೇಳುವಂತಿಲ್ಲ. ಬೆಂಗಳೂರು, ಹೈದರಾಬಾದ್ ಮತ್ತು ಇವುಗಳ ನಡುವೆ ಹರಡಿರುವ ಕೃಷ್ಣಾ–ಭೀಮಾ ತೀರದ ಈ ಪಟ್ಟಣಗಳೆಲ್ಲ ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯದಾದ ನೈಸ್ ಮತ್ತು ಗ್ರಾನೈಟ್ ಬಂಡೆಗಳ ಮೇಲೆಯೇ ಕುಳಿತಿವೆ. ಇಂಥ ನೆಲದಲ್ಲಿ ಬಾವಿ ತೋಡಿದವರಿಗೆಲ್ಲ ಮೇಲೆ ಮಣ್ಣು, ಅದರ ಕೆಳಗೆ ಮೊರಮ್, ಆಮೇಲೆ ಬಂಡೆ ಎಂಬ ಕ್ರಮ ಗೊತ್ತಿರುತ್ತದೆ, ಆದರೆ ಬಂಡೆಯ ಮೇಲ್ಮೈ ಎಲ್ಲಿಯೂ ಸಮತಟ್ಟಾಗಿರದೆ, ಹತ್ತು ಮಾರು ಆಚೆಗೆ ಮೃದು ಮಣ್ಣು, ಈಚೆಗೆ ಗುಂಡುಕಲ್ಲು ಎಂಬಂತಿರುವುದರಿಂದ, ಸುರಂಗ ಕೊರೆಯುವ ಯಂತ್ರದ ಮುಖ ಒಂದೇ ವೇಳೆಗೆ ಅರ್ಧ ಕಲ್ಲನ್ನೂ ಅರ್ಧ ಮಣ್ಣನ್ನೂ ಎದುರಿಸಬೇಕಾಗುತ್ತದೆ. ಕೇವಲ ಗಟ್ಟಿ ಬಂಡೆಯಾದರೆ ನಿಧಾನವಾಗಿಯಾದರೂ ಕೊರೆಯಬಹುದು, ಕೇವಲ ಮಣ್ಣಾದರೆ ಒತ್ತಡ ಕೊಟ್ಟು ಹಿಡಿದಿಡಬಹುದು. ಎರಡೂ ಬೆರೆತಾಗ ಯಂತ್ರದ ಹಲ್ಲುಗಳು ಮುರಿಯುತ್ತವೆ, ಮೇಲಿನ ಸಡಿಲ ಮಣ್ಣು ಒಳಗೆ ಜಾರಿ ರಸ್ತೆ ಕುಸಿಯುತ್ತದೆ. ಬೆಂಗಳೂರಿನ ಮೊದಲ ಹಂತದಲ್ಲಿ ‘ಗೋದಾವರಿ’ ಎಂಬ ಯಂತ್ರ ಬಂಡೆಯ ನಡುವೆ ಸಿಕ್ಕಿಕೊಂಡು ತಿಂಗಳುಗಟ್ಟಲೆ ನಿಂತದ್ದಕ್ಕೂ, 2023ರ ಜನವರಿಯಲ್ಲಿ ಸುರಂಗ ಕಾಮಗಾರಿಯ ಮೇಲ್ಭಾಗದ ಬ್ರಿಗೇಡ್ ರಸ್ತೆಯಲ್ಲಿ ದೊಡ್ಡ ಗುಂಡಿ ಬಾಯ್ದೆರೆದದ್ದಕ್ಕೂ ನೆಲದ ಈ ಏರುಪೇರು ಸ್ವಭಾವದ ಹಿನ್ನೆಲೆಯಿದೆ.

ಇಷ್ಟು ತೊಂದರೆಯಿದ್ದರೂ ನೆಲದಡಿಗೆ ಇಳಿಯುವುದು ಮೇಲೆ ಜಾಗವಿಲ್ಲದಿರುವುದರಿಂದ. ಕಂಬಗಳ ಮೇಲಿನ ಮಾರ್ಗಕ್ಕೆ ಹೋಲಿಸಿದರೆ ಸುರಂಗ ಮಾರ್ಗದ ವೆಚ್ಚ ಎರಡು–ಮೂರು ಪಟ್ಟು ಎಂಬುದು ಸಾಮಾನ್ಯ ಅಂದಾಜು. ಆದರೂ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆಯಂಥ ಇಕ್ಕಟ್ಟಿನ ಪೇಟೆಗಳಲ್ಲಿ ಕಂಬ ನಿಲ್ಲಿಸಲು ಮನೆ, ಅಂಗಡಿ, ಗುಡಿ, ಮಸೀದಿಗಳನ್ನು ಕೆಡವಬೇಕಾಗುವುದರಿಂದ ಬೆಂಗಳೂರು ಆ ವೆಚ್ಚವನ್ನು ಒಪ್ಪಿಕೊಂಡಿತು. ಹೈದರಾಬಾದಿನಲ್ಲಿಯೂ ಸುಲ್ತಾನ್ ಬಜಾರ್ ಮತ್ತು ವಿಧಾನಸಭೆಯ ಭಾಗದಲ್ಲಿ ಮಾರ್ಗವನ್ನು ಕೆಳಗೆ ಒಯ್ಯಬೇಕೆಂಬ ಒತ್ತಾಯ ಬಲವಾಗಿಯೇ ಇದ್ದು, 2014ರಲ್ಲಿ ಹೊಸ ತೆಲಂಗಾಣ ಸರ್ಕಾರವೂ ಅದನ್ನು ಪ್ರಸ್ತಾಪಿಸಿತ್ತಾದರೂ, ಕೊನೆಗೆ ಉಳಿದದ್ದು ಮೇಲಿನ ಮಾರ್ಗವೇ. ಬೇಗನೆ, ಕಡಿಮೆ ದುಡ್ಡಿನಲ್ಲಿ ಹೆಚ್ಚು ಉದ್ದದ ಮಾರ್ಗ ದೊರೆತದ್ದು ಅದರ ಲಾಭ. ಹಳೆಯ ಬಜಾರಿನ ಬೀದಿಯ ನೆತ್ತಿಯ ಮೇಲೆ ಕಾಂಕ್ರೀಟ್ ಚಾವಣಿ ಬಂದು ಕೂತದ್ದು ಅದರ ನಷ್ಟ.

ನೆಲದಡಿಯ ನಿಲ್ದಾಣವನ್ನು ಕಟ್ಟುವ ಹೆಚ್ಚು ಬಳಕೆಯ ಕ್ರಮಕ್ಕೆ ‘ಕಟ್ ಅಂಡ್ ಕವರ್’ ಎನ್ನುತ್ತಾರೆ, ಅಂದರೆ ಮೇಲಿನಿಂದ ಅಗೆದು, ಒಳಗೆ ಕಟ್ಟಿ, ಮತ್ತೆ ಮುಚ್ಚುವುದು. ಮೊದಲು ನಿಲ್ದಾಣದ ಸುತ್ತಳತೆಯುದ್ದಕ್ಕೂ ಒಂದನ್ನೊಂದು ಕಚ್ಚಿಕೊಂಡು ನಿಲ್ಲುವ ಕಾಂಕ್ರೀಟ್ ಕಂಬಗಳ ಸಾಲನ್ನು, ಅಂದರೆ ‘ಸೆಕೆಂಟ್ ಪೈಲ್’ಗಳನ್ನು, ಇಳಿಸಿ ಮಣ್ಣು ಜಾರದಂತೆ ತಡೆಗೋಡೆ ಮಾಡಿಕೊಂಡು, ಆಮೇಲೆ ನಡುವಿನ ಮಣ್ಣನ್ನು ಎತ್ತಿ, ಬಂಡೆ ಬಂದಲ್ಲಿ ಅಳತೆ ಮೀರದ ಸಣ್ಣ ಸಿಡಿತಗಳಿಂದ ಅದನ್ನು ಒಡೆದು, ತಳ ಮುಟ್ಟಿದ ಬಳಿಕ ಕೆಳಗಿನಿಂದ ಮೇಲಕ್ಕೆ ಅಂತಸ್ತುಗಳನ್ನು ಎಬ್ಬಿಸಲಾಗುತ್ತದೆ. ತಳದ ಅಂತಸ್ತಿನಲ್ಲಿ ಪ್ಲಾಟ್‌ಫಾರಂ, ಅದರ ಮೇಲಿನದರಲ್ಲಿ ಟಿಕೆಟ್ ಮತ್ತು ತಪಾಸಣೆಯ ಅಂಗಳವಾದ ಕಾನ್‌ಕೋರ್ಸ್, ಅದರ ಮೇಲೆ ಮಣ್ಣಿನ ಹೊದಿಕೆ, ಎಲ್ಲಕ್ಕೂ ಮೇಲೆ ಮೊದಲಿನ ರಸ್ತೆ. ಈ ಹಳ್ಳವೇ ಸುರಂಗ ಯಂತ್ರಗಳು ಒಳಗಿಳಿಯುವ, ಹೊರಬರುವ ಬಾಗಿಲೂ ಆಗಿರುವುದರಿಂದ ನಿಲ್ದಾಣದ ಕಾಮಗಾರಿ ತಡವಾದರೆ ಸುರಂಗವೂ ತಡವಾಗುತ್ತದೆ. 2021ರ ಸೆಪ್ಟೆಂಬರ್ 22ರಂದು ‘ಊರ್ಜಾ’ ಯಂತ್ರ ಬೆಂಗಳೂರಿನ ಶಿವಾಜಿನಗರ ನಿಲ್ದಾಣದ ಗೋಡೆಯನ್ನು ಒಡೆದು ಹೊರಬಂದಾಗ ಅದನ್ನು ಬರಮಾಡಿಕೊಳ್ಳಲು ಅಲ್ಲಿನ ಹಳ್ಳ ಸಿದ್ಧವಿರಬೇಕಾಗಿತ್ತು. ಊರಿಗೆ ಇದರ ಬೆಲೆ ಚಿಕ್ಕದಲ್ಲ: ಮಹಾತ್ಮ ಗಾಂಧಿ ರಸ್ತೆಯ ನೆಲದಡಿ ನಿಲ್ದಾಣಕ್ಕಾಗಿ ಕಾಮರಾಜ ರಸ್ತೆಯನ್ನು 2019ರಲ್ಲಿ ಮುಚ್ಚಿದ್ದು ವರ್ಷಗಟ್ಟಲೆ ತೆರೆಯಲಿಲ್ಲ. ಕೆಲವೊಮ್ಮೆ ಅಗೆತ ಚರಿತ್ರೆಯನ್ನೂ ಎತ್ತಿ ಕೊಡುತ್ತದೆ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಅಗೆಯುವಾಗ ಹಳೆಯ ಕೋಟೆಯ ಕಾಲದ ಫಿರಂಗಿಗಳು ಸಿಕ್ಕಿದ್ದವು.

ವಿನ್ಯಾಸಕಾರನ ನಿಜವಾದ ಪರೀಕ್ಷೆ ಇರುವುದು ಅಗೆಯುವ ವಿಧಾನದಲ್ಲಲ್ಲ, ಎಷ್ಟು ಅಗೆಯಬೇಕೆಂಬ ತೀರ್ಮಾನದಲ್ಲಿ. ಬಸ್ ನಿಲ್ದಾಣ ಸಾಲದಾದರೆ ಪಕ್ಕದ ಜಾಗ ಸೇರಿಸಿಕೊಳ್ಳಬಹುದು, ಕಂಬಗಳ ಮೇಲಿನ ಮೆಟ್ರೊ ನಿಲ್ದಾಣಕ್ಕೆ ಇನ್ನೊಂದು ಪಾದಚಾರಿ ಸೇತುವೆ ಜೋಡಿಸಬಹುದು. ನೆಲದಡಿಯ ಪ್ಲಾಟ್‌ಫಾರಂ ಮಾತ್ರ ತನ್ನ ಗೋಡೆಗಳ ನಡುವೆ ಶಾಶ್ವತವಾಗಿ ಬಂದಿ. ನೂರು ವರ್ಷ ಬಾಳಬೇಕೆಂದು ಕಟ್ಟುವ ಈ ಪೆಟ್ಟಿಗೆಯ ಅಳತೆಯನ್ನು ಬೆಳೆಯುತ್ತಲೇ ಇರುವ ಊರಿನ ಲೆಕ್ಕಕ್ಕೆ ಹೊಂದಿಸುವುದು ಹೇಗೆ? ಬೆಂಗಳೂರು ಮಹಾನಗರ ಪ್ರದೇಶದ ಜನಸಂಖ್ಯೆ 2001ರ ಜನಗಣತಿಯಲ್ಲಿ ಸುಮಾರು 57 ಲಕ್ಷವಿದ್ದು, 2011ಕ್ಕೆ 85 ಲಕ್ಷವಾಯಿತು. ಮೊದಲ ಹಂತಕ್ಕೆ ಶಂಕುಸ್ಥಾಪನೆಯಾದದ್ದು ಇವೆರಡರ ನಡುವೆ, 2006ರಲ್ಲಿ. 2011ರ ಅಕ್ಟೋಬರ್‌ನಲ್ಲಿ ಮೊದಲ ರೈಲು ಓಡಿದಾಗ ಅದಕ್ಕಿದ್ದದ್ದು ಮೂರೇ ಬೋಗಿ. ಆದರೆ ಪ್ಲಾಟ್‌ಫಾರಂಗಳನ್ನು ಆಗಲೇ ಆರು ಬೋಗಿಗಳಿಗೆ, ಅಂದರೆ ಸುಮಾರು 130 ಮೀಟರ್ ಉದ್ದಕ್ಕೆ, ಕಟ್ಟಲಾಗಿತ್ತು. ಅರ್ಧ ಪ್ಲಾಟ್‌ಫಾರಂ ಬರಿದಾಗಿರುವುದನ್ನು ಕಂಡು ದುಂದುವೆಚ್ಚವೆಂದು ಆಡಿಕೊಳ್ಳುವುದು ಅಂದು ಸುಲಭವಿತ್ತು. 2018ರ ಜೂನ್‌ನಲ್ಲಿ ಮೊದಲ ಆರು ಬೋಗಿಯ ರೈಲು ಬಂದಾಗ ಒಂದು ಕಲ್ಲನ್ನೂ ಹೊಸದಾಗಿ ಒಡೆಯಬೇಕಾಗಲಿಲ್ಲ. 2025ರ ಆಗಸ್ಟ್‌ನಲ್ಲಿ ಒಂದೇ ದಿನದ ಪ್ರಯಾಣಿಕರ ಸಂಖ್ಯೆ 10 ಲಕ್ಷ ದಾಟಿತು. ಇನ್ನು ಮುಂದೆ ಏಳನೆಯ ಬೋಗಿ ಸೇರಿಸುವ ದಾರಿಯಿಲ್ಲ. ರೈಲುಗಳ ನಡುವಿನ ಅಂತರವನ್ನು ಕಡಿಮೆ ಮಾಡುವುದೊಂದೇ ಉಳಿದಿರುವ ಉಪಾಯ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಕೆನಡಾದ ವ್ಯಾಂಕೂವರ್ ನಗರದಲ್ಲಿದೆ. 2009ರಲ್ಲಿ ತೆರೆದ ಅಲ್ಲಿನ ‘ಕೆನಡಾ ಲೈನ್’ನಲ್ಲಿ ವೆಚ್ಚ ಉಳಿಸಲು ಪ್ಲಾಟ್‌ಫಾರಂಗಳನ್ನು 40ರಿಂದ 50 ಮೀಟರ್‌ಗೆ ಮೊಟಕುಗೊಳಿಸಿದ್ದರಿಂದ ಎರಡು ಬೋಗಿಯ ರೈಲುಗಳಷ್ಟೇ ಓಡುತ್ತವೆ, ಆ ಬಗ್ಗೆ ಅಲ್ಲಿನ ಜನರ ಆಕ್ಷೇಪ ಇನ್ನೂ ನಿಂತಿಲ್ಲ.

ಉದ್ದದಷ್ಟೇ ಮುಖ್ಯವಾದದ್ದು ಅಗಲ, ಮೆಟ್ಟಿಲು ಮತ್ತು ಎಸ್ಕಲೇಟರುಗಳ ಲೆಕ್ಕ. ಜಗತ್ತಿನ ಅನೇಕ ಮೆಟ್ರೊಗಳು ಅನುಸರಿಸುವ ಅಮೆರಿಕದ ಎನ್‌ಎಫ್‌ಪಿಎ 130 ಎಂಬ ಅಗ್ನಿಸುರಕ್ಷತಾ ಮಾನದಂಡದ ಪ್ರಕಾರ, ಅವಘಡವಾದಾಗ ಪ್ಲಾಟ್‌ಫಾರಂನಲ್ಲಿರುವ ಎಲ್ಲರೂ 4 ನಿಮಿಷದೊಳಗೆ ಅಲ್ಲಿಂದ ತೆರವಾಗಿ, 6 ನಿಮಿಷದೊಳಗೆ ಅಪಾಯವಿಲ್ಲದ ಜಾಗ ತಲುಪುವಂತಿರಬೇಕು. ‘ಎಲ್ಲರೂ’ ಎಂದರೆ ಕಾಯುತ್ತಿರುವವರು ಮಾತ್ರವಲ್ಲ, ಆಗತಾನೇ ಬಂದು ನಿಂತ ತುಂಬಿದ ರೈಲಿನಲ್ಲಿರುವವರೂ ಸೇರಿ. ಆದ್ದರಿಂದ ಮೆಟ್ಟಿಲಿನ ಅಗಲವನ್ನು ದಿನನಿತ್ಯದ ಓಡಾಟ ನಿರ್ಧರಿಸುವುದಿಲ್ಲ. ಎಂದೋ ಒಂದು ದಿನ ಬರಬಹುದಾದ ಕೆಟ್ಟ ಗಳಿಗೆ ನಿರ್ಧರಿಸುತ್ತದೆ. ಎರಡು ಮಾರ್ಗಗಳು ಒಂದರ ಮೇಲೊಂದು ಹಾಯುವ ಮೆಜೆಸ್ಟಿಕ್‌ನ ಕೆಂಪೇಗೌಡ ನಿಲ್ದಾಣದಲ್ಲಿ ಇದು ಇನ್ನಷ್ಟು ತೊಡಕಿನದು, ಏಕೆಂದರೆ ಅಲ್ಲಿ ಇಳಿದವರಲ್ಲಿ ದೊಡ್ಡ ಪಾಲು ಹೊರಗೆ ಹೋಗದೆ ಇನ್ನೊಂದು ಅಂತಸ್ತಿಗೆ ನುಗ್ಗುತ್ತದೆ, ಎದುರಿನಿಂದ ಅಷ್ಟೇ ದೊಡ್ಡ ಗುಂಪು ಬರುತ್ತಿರುತ್ತದೆ, ಜೊತೆಗೆ ರೈಲು ಮತ್ತು ಬಸ್ ನಿಲ್ದಾಣಗಳಿಂದ ಗಂಟುಮೂಟೆ ಹೊತ್ತವರು ಬಂದು ಸೇರುತ್ತಾರೆ. ಮೊದಲ ಹಂತದ ಜನದಟ್ಟಣೆಯ ಲೆಕ್ಕದಲ್ಲಿ ಈ ಅದಲುಬದಲಿನ ಒತ್ತಡಕ್ಕೆ ಸಾಕಷ್ಟು ತೂಕ ಸಿಗಲಿಲ್ಲವೆಂದೇ ಅಲ್ಲಿನ ಸಂಜೆಯ ನೂಕುನುಗ್ಗಲನ್ನು ಕಂಡವರಿಗೆ ಅನಿಸುತ್ತದೆ.

ಗಾಳಿಯ ವಿಷಯ ಸಂಕ್ಷೇಪವಾಗಿ ಹೀಗಿದೆ: ರೈಲಿನ ಬ್ರೇಕಿನಿಂದಲೂ ಜನರ ಮೈಯಿಂದಲೂ ಹುಟ್ಟುವ ಬಿಸಿಯನ್ನು ದೊಡ್ಡ ಫ್ಯಾನುಗಳು ಹೊರಹಾಕುತ್ತವೆ, ಬೆಂಕಿ ಬಿದ್ದಾಗ ಅವೇ ಫ್ಯಾನುಗಳು ಹೊಗೆಯನ್ನು ಜನ ಓಡುವ ದಿಕ್ಕಿಗೆ ವಿರುದ್ಧವಾಗಿ ತಳ್ಳುತ್ತವೆ. ಚೆನ್ನೈನ ನೆಲದಡಿ ನಿಲ್ದಾಣಗಳಲ್ಲಿರುವಂತೆ ಪ್ಲಾಟ್‌ಫಾರಂ ಅಂಚಿಗೆ ಗಾಜಿನ ಗೋಡೆ ಮತ್ತು ಬಾಗಿಲುಗಳನ್ನಿಟ್ಟರೆ ತಂಪೂ ಉಳಿಯುತ್ತದೆ, ಹಳಿಗೆ ಬೀಳುವ ಅಪಾಯವೂ ತಪ್ಪುತ್ತದೆ. ಈ ಯಂತ್ರಗಳ ಕೋಣೆಗಳಿಗೇ ಅಷ್ಟು ಜಾಗ ಬೇಕಾಗುವುದರಿಂದ 130 ಮೀಟರ್ ಪ್ಲಾಟ್‌ಫಾರಂ ಉಳ್ಳ ನಿಲ್ದಾಣದ ಪೆಟ್ಟಿಗೆ ಇನ್ನೂರು ಮೀಟರನ್ನೂ ಮೀರುವುದುಂಟು. ಬೆಳಕಿನ ಮಟ್ಟಿಗೆ ಹಳಬರ ಜಾಣ್ಮೆ ಇನ್ನೂ ಕಲಿಯುವಂಥದ್ದು: ನಾರಾಯಣಪೇಟೆಯ ಬಾರಂ ಬಾವಿಯಂಥ ಮೆಟ್ಟಿಲು ಬಾವಿಗಳು ಮೇಲೆ ಅಗಲವಾಗಿ ತೆರೆದುಕೊಂಡು, ಇಳಿಯುವವನಿಗೆ ಕೊನೆಯ ಮೆಟ್ಟಿಲಿನವರೆಗೂ ಹಗಲನ್ನೂ ದಿಕ್ಕನ್ನೂ ತೋರುತ್ತಿರುತ್ತವೆ, ನೆಲದಡಿಯ ಅನೇಕ ನಿಲ್ದಾಣಗಳಲ್ಲಿ ಒಂದು ತಿರುವು ದಾಟಿದೊಡನೆ ಪೂರ್ವ ಯಾವುದು ಪಶ್ಚಿಮ ಯಾವುದು ತಿಳಿಯದೆ ಫಲಕಗಳನ್ನೇ ನೆಚ್ಚಬೇಕಾಗುತ್ತದೆ.

ನೀರಿನ ವಿಷಯದಲ್ಲಿ ಸಂಕ್ಷೇಪ ಸಲ್ಲದು, ಏಕೆಂದರೆ ನೆಲದಡಿಯ ಕಟ್ಟಡಗಳ ದೊಡ್ಡ ವೈರಿ ಅದೇ. 2025ರ ಮೇ ತಿಂಗಳಲ್ಲಿ, ಸಂಚಾರಕ್ಕೆ ತೆರೆದು ಮೂರು ವಾರವೂ ಕಳೆಯದ ಮುಂಬೈನ ಆಚಾರ್ಯ ಅತ್ರೆ ಚೌಕ್ ನಿಲ್ದಾಣಕ್ಕೆ, ಇನ್ನೂ ಕಟ್ಟುತ್ತಿದ್ದ ಒಂದು ಪ್ರವೇಶದ್ವಾರದ ಕಡೆಯಿಂದ ಮಳೆನೀರು ನುಗ್ಗಿ, ಸೇವೆಯನ್ನೇ ನಿಲ್ಲಿಸಬೇಕಾಯಿತು. ನೀರಿನ ಈ ಬಲವನ್ನು ಅರಿಯಲು ಈ ಊರುಗಳಿರುವ ಪಾಲಮೂರು ಸೀಮೆಯವರು ಮುಂಬೈವರೆಗೆ ಹೋಗಬೇಕಿಲ್ಲ. 2009ರ ಅಕ್ಟೋಬರ್‌ನ ಕೃಷ್ಣಾ–ತುಂಗಭದ್ರಾ ಪ್ರವಾಹ ಆಲಂಪುರವನ್ನು ಮುಳುಗಿಸಿದ್ದು ಗದ್ವಾಲಿನ ಜನಕ್ಕೆ ನೆನಪಿದೆ, ನೆರೆಯ ನಾಗರ್‌ಕರ್ನೂಲ್ ಜಿಲ್ಲೆಯಲ್ಲಿ ಕಲ್ವಕುರ್ತಿ ಏತ ನೀರಾವರಿಯ ಯಲ್ಲೂರು ಪಂಪ್‌ಹೌಸ್, ಅದೂ ಬಂಡೆಯೊಳಗೆ ಕಡಿದದ್ದೇ, 2020ರ ಅಕ್ಟೋಬರ್‌ನಲ್ಲಿ ಪಂಪುಗಳ ಸಮೇತ ನೀರಿನಡಿ ಹೋಗಿತ್ತು. ಹೀಗಾಗಿಯೇ ಒಳ್ಳೆಯ ವಿನ್ಯಾಸದಲ್ಲಿ ಪ್ರವೇಶದ್ವಾರವು ರಸ್ತೆಯ ಮಟ್ಟದಿಂದ ನೇರವಾಗಿ ಕೆಳಗಿಳಿಯದೆ, ಮೊದಲು ಕೆಲವು ಮೆಟ್ಟಿಲು ಮೇಲಕ್ಕೆ ಹತ್ತಿಸಿ ಆಮೇಲೆ ಇಳಿಸುತ್ತದೆ. ಹಿಂದೆಂದಾದರೂ ಕಂಡ ಅತ್ಯಧಿಕ ನೆರೆಯ ಮಟ್ಟಕ್ಕಿಂತ ಎತ್ತರದಲ್ಲಿ ಹೊಸ್ತಿಲಿರಬೇಕೆಂಬುದು ಅದರ ನಿಯಮ. ವಯಸ್ಸಾದವರಿಗೆ ಆ ಮೆಟ್ಟಿಲುಗಳು ವ್ಯರ್ಥ ಕಾಟವೆನಿಸುತ್ತವೆ, ಆದರೆ ಅವನ್ನು ತೆಗೆಯುವುದಕ್ಕಿಂತ ಪಕ್ಕದಲ್ಲಿ ಇಳಿಜಾರು ದಾರಿಯನ್ನೂ ಲಿಫ್ಟನ್ನೂ ಕೊಡುವುದೇ ಸರಿಯಾದ ಪರಿಹಾರ.

ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ 13.76 ಕಿ.ಮೀ. ಸುರಂಗ ಮತ್ತು 12 ನೆಲದಡಿ ನಿಲ್ದಾಣಗಳಿರುವ ಬೆಂಗಳೂರಿನ ಗುಲಾಬಿ ಮಾರ್ಗದ ಕೊರೆತ 2024ರ ಅಕ್ಟೋಬರ್ 30ರಂದು ಮುಗಿಯಿತು. ಹೈದರಾಬಾದಿನ ಎರಡನೆಯ ಹಂತದ ಯೋಜನೆಯಲ್ಲಿ ಶಂಷಾಬಾದ್ ವಿಮಾನ ನಿಲ್ದಾಣದ ಬಳಿ ಒಂದು ನೆಲದಡಿ ನಿಲ್ದಾಣವನ್ನು ಸೂಚಿಸಲಾಗಿದೆ. ಇಂಥ ಮಾರ್ಗಗಳಿಗೆ ಜನದಟ್ಟಣೆಯ ಲೆಕ್ಕ ಮಾಡುವವರು ನಗರದ ನಿವಾಸಿಗಳನ್ನು ಎಣಿಸುತ್ತಾರೆ, ಕಚೇರಿಗಳನ್ನು ಎಣಿಸುತ್ತಾರೆ. ಹೊರಗಿನಿಂದ ಬಂದಿಳಿಯುವವರನ್ನು ಎಣಿಸುವಲ್ಲಿ ಕೈ ಬಿಗಿಹಿಡಿಯುತ್ತಾರೆ. ಅಣೆಕಟ್ಟು, ಕಾಲುವೆ, ಕಟ್ಟಡಗಳ ಕೆಲಸಕ್ಕೆ ದೇಶವೆಲ್ಲ ಅಲೆದ ಪಾಲಮೂರು ಕೂಲಿಕಾರರ ಮಕ್ಕಳು ಇಂದಿಗೂ ಇದೇ ನಿಲ್ದಾಣಗಳಲ್ಲಿ ಇಳಿಯುತ್ತಾರೆ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ನಡುವಿನ 37 ಕಿ.ಮೀ. ಹೊಸ ಹಳಿ ಉದ್ಘಾಟನೆಯಾಗಿ ಕಾಚಿಗುಡ–ರಾಯಚೂರು ರೈಲು ಈ ದಾರಿಯಲ್ಲಿ ಓಡತೊಡಗಿದ ಮೇಲೆ ನಾರಾಯಣಪೇಟೆ ಜಿಲ್ಲೆಯಿಂದ ರಾಜಧಾನಿಗೆ ಹೋಗುವ ದಾರಿ ಹತ್ತಿರವಾಗಿದೆ, ಆದರೆ ಆ ರೈಲು ಕೊನೆಗೊಳ್ಳುವ ಕಾಚಿಗುಡ ನಿಲ್ದಾಣಕ್ಕೆ ತಾಗಿಕೊಂಡು ಒಂದು ಮೆಟ್ರೊ ನಿಲ್ದಾಣವೂ ಇಲ್ಲ. ಮುಂದಿನ ಮಾರ್ಗಗಳ ನಕ್ಷೆ ಬರೆಯುವಾಗ ಆ ಕೊರತೆಯನ್ನು ತುಂಬಬೇಕೆಂದು ಗಡಿಜಿಲ್ಲೆಗಳ ಜನಪ್ರತಿನಿಧಿಗಳು ಈಗಲೇ ಕೇಳಬೇಕು. ಅಗೆತ ಮುಗಿದ ಮೇಲೆ ಕೇಳಿದರೆ ಕೊಡಲು ಯಾರ ಬಳಿಯೂ ಜಾಗವಿರುವುದಿಲ್ಲ.